ಬಳ್ಳಾರಿ ಸೀಮೆಯ ಕಲ್ಲುಗಳನ್ನು ಓದಿದ ರಾಬರ್ಟ್ ಬ್ರೂಸ್ ಫೂಟ್

ಕೂಡ್ಲಿಗಿಯಿಂದ ಕೊಟ್ಟೂರಿಗೆ, ಅಲ್ಲಿಂದ ಹರಪನಹಳ್ಳಿಗೆ ಸಾಗುವ ದಾರಿಯ ಇಕ್ಕೆಲಗಳಲ್ಲಿ ಬಂಡೆಗುಡ್ಡಗಳು, ಕುರುಚಲು ಕಾಡು, ಮಳೆಗಾಗಿ ಮುಗಿಲು ನೋಡುವ ಹೊಲಗಳು ಒಂದರ ಹಿಂದೊಂದು ಬರುತ್ತವೆ. ಹಗರಿಬೊಮ್ಮನಹಳ್ಳಿ ದಾಟಿ ಹಡಗಲಿಯತ್ತ ಹೊರಳಿದರೆ ನೆಲದ ಬಣ್ಣ ಬದಲಾಗಿ, ತುಂಗಭದ್ರೆಯ ದಂಡೆಯ ಎರೆಭೂಮಿ ಎದುರಾಗುತ್ತದೆ. ಗುಡೇಕೋಟೆಯ ಬಂಡೆಗಳ ಸಂದಿಯಲ್ಲಿ ಕರಡಿಗಳಿವೆ, ಚಿರತೆಗಳಿವೆ. ಈ ನೆಲವನ್ನು ಕಾಲಿನಿಂದಲೇ ಬಲ್ಲವರೆಂದರೆ ಕುರಿಗಾಹಿಗಳು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಮಂದೆಯ ಬೆನ್ನಿಗೆ ನಾಯಿ. ಇಷ್ಟೇ ಅವರ ಪರಿಕರ. ನಾಯಿಯಿಲ್ಲದೆ ಕುರಿಗಾಹಿ ಊರ ಗಡಿ ದಾಟುವುದಿಲ್ಲ.

ಸುಮಾರು 140 ವರ್ಷಗಳ ಹಿಂದೆ ಇದೇ ಗುಡ್ಡಗಾಡಿನಲ್ಲಿ ಬೇರೊಂದು ಬಗೆಯ ಸಂಚಾರಿಯೊಬ್ಬರು ಅಲೆದರು. ಅವರ ಕೈಯಲ್ಲಿದ್ದುದು ಕೋಲಲ್ಲ, ಕಲ್ಲು ಒಡೆಯುವ ಸುತ್ತಿಗೆ. ಅವರೇ ಭಾರತದ ಪ್ರಾಗಿತಿಹಾಸದ ಪಿತಾಮಹರೆಂದು ವಿದ್ವಾಂಸರು ಗೌರವಿಸುವ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಬಳ್ಳಾರಿ ಜಿಲ್ಲೆಯ ಮಣ್ಣಿನಡಿ ಇರುವ ಅದಿರನ್ನೂ, ಮಣ್ಣಿನ ಮೇಲೆ ಚೆಲ್ಲಿದ್ದ ಸಾವಿರಾರು ವರ್ಷಗಳ ಮನುಷ್ಯನ ಹೆಜ್ಜೆಗುರುತುಗಳನ್ನೂ ಒಂದೇ ಸಂಚಾರದಲ್ಲಿ ದಾಖಲಿಸಿದ ಕೀರ್ತಿ ಅವರದು.

ಪಲ್ಲಾವರಂನ ಒಂದು ಕಲ್ಲು

ಫೂಟ್ ಅವರು 1834ರ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಜನಿಸಿದರು. 1858ರಲ್ಲಿ, ತಮ್ಮ 24ನೆಯ ವಯಸ್ಸಿನಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ಸೇರಿ ಮದ್ರಾಸಿಗೆ ಬಂದರು. ಆಗ ಇಲಾಖೆ ಇನ್ನೂ ಎಳೆಯದು. ಕಲ್ಲಿದ್ದಲು, ಕಬ್ಬಿಣ, ಚಿನ್ನಗಳ ನೆಲೆ ಪತ್ತೆಹಚ್ಚಿ ನಕ್ಷೆಗಳನ್ನು ಸಿದ್ಧಪಡಿಸುವುದು ಅದರ ಅಧಿಕಾರಿಗಳ ಕೆಲಸವಾಗಿತ್ತು. ಮಳೆಗಾಲ ಕಳೆದ ಮೇಲೆ ಡೇರೆ, ಎತ್ತಿನ ಬಂಡಿಗಳೊಂದಿಗೆ ಹೊರಟರೆ ಬೇಸಿಗೆ ಕಾಯುವವರೆಗೂ ಊರಿಂದೂರಿಗೆ ಅಲೆದಾಟ. ಮತ್ತೆ ಮಳೆ ಬಂದಾಗ ಕಚೇರಿಯಲ್ಲಿ ಕುಳಿತು ವರದಿ ಬರೆಯುವುದು. ಫೂಟ್ ಅವರ 33 ವರ್ಷಗಳ ಸೇವೆ ಈ ಋತುಚಕ್ರದಲ್ಲಿಯೇ ಸಾಗಿತು.

1859ರಲ್ಲಿ ಯುರೋಪಿನ ವಿದ್ವತ್ ಲೋಕದಲ್ಲಿ ದೊಡ್ಡ ಬದಲಾವಣೆಯೊಂದು ನಡೆದಿತ್ತು. ಫ್ರಾನ್ಸಿನ ಸೋಮ್ ನದಿಯ ಜಲ್ಲಿಪದರಗಳಲ್ಲಿ ದೊರೆತ ಚಕ್ಕೆಯೆದ್ದ ಕಲ್ಲುಗಳು ಅಳಿದುಹೋದ ಪ್ರಾಣಿಗಳ ಕಾಲದ ಮನುಷ್ಯನ ಆಯುಧಗಳೇ ಎಂಬುದನ್ನು ಅಲ್ಲಿನ ಪಂಡಿತರು ಒಪ್ಪಿಕೊಂಡಿದ್ದರು. ಈ ಸುದ್ದಿ ಫೂಟ್ ಅವರ ಕಣ್ಣನ್ನು ತೆರೆಯಿತು. ಶಿಲೆಯ ಪದರಗಳನ್ನು ನೋಡುವಾಗಲೆಲ್ಲ ಅವರು ಮನುಷ್ಯನ ಕೈ ತಾಗಿದ ಕಲ್ಲನ್ನೂ ಹುಡುಕತೊಡಗಿದರು. 1863ರ ಮೇ 30ರಂದು ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ, ಜಲ್ಲಿ ತೆಗೆದ ಗುಂಡಿಯೊಂದರಲ್ಲಿ ಅವರಿಗೆ ಶಿಲಾಯುಧವೊಂದು ದೊರೆಯಿತು. ಭಾರತದಲ್ಲಿ ಹಳೆಯ ಶಿಲಾಯುಗದ ಆಯುಧವನ್ನು ಗುರುತಿಸಿದ್ದು ಅದೇ ಮೊದಲು. ಕೆಲವೇ ತಿಂಗಳಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಡನೆ ಅತ್ತಿರಂಪಾಕ್ಕಂ ನೆಲೆಯನ್ನು ಅವರು ಬೆಳಕಿಗೆ ತಂದರು. ಆ ನೆಲೆಯ ಕೈಗೊಡಲಿಗಳು ಹದಿನೈದು ಲಕ್ಷ ವರ್ಷಗಳಷ್ಟು ಹಳೆಯವೆಂದು 2011ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿಕೊಟ್ಟಿದೆ.

ಅಲ್ಲಿಯವರೆಗೆ ಈ ದೇಶದ ಇತಿಹಾಸವೆಂದರೆ ಶಾಸನ, ಗ್ರಂಥ, ದೇಗುಲಗಳ ಇತಿಹಾಸವಾಗಿತ್ತು. ಹಳೆಯ ಶಿಲಾಯುಗದ ಮನುಷ್ಯನೂ ಇಲ್ಲಿ ಬಾಳಿದ್ದನೆಂಬುದಕ್ಕೆ ಪಲ್ಲಾವರಂನ ಕಲ್ಲು ಮೊದಲ ಸಾಕ್ಷಿಯಾಯಿತು.

ಕನ್ನಡ ನಾಡಿನ ಸಂಚಾರ

ಮುಂದೆ ಫೂಟ್ ಅವರ ದಾರಿ ಕನ್ನಡ ನಾಡಿನತ್ತ ಹೊರಳಿತು. ಅಂದಿನ ಆಡಳಿತ ಭಾಷೆಯಲ್ಲಿ ದಕ್ಷಿಣ ಮರಾಠಾ ಪ್ರದೇಶವೆನಿಸಿದ್ದ ಬೆಳಗಾವಿ, ಧಾರವಾಡ, ವಿಜಾಪುರ ಸೀಮೆಗಳನ್ನು ಸುತ್ತಿ, ಮಲಪ್ರಭೆ, ಘಟಪ್ರಭೆಗಳ ಕಣಿವೆಗಳನ್ನು ಪರಿಶೀಲಿಸಿದರು. ಗೋಕಾಕ ಸಮೀಪದ ಚಿಕ್ಕದೌಳಿಯಲ್ಲಿ ಅಳಿದುಹೋದ ಖಡ್ಗಮೃಗದ ಪಳೆಯುಳಿಕೆ ಅವರಿಗೆ ದೊರೆಯಿತು. ಅದಕ್ಕೆ ದಖ್ಖನ್ನಿನ ಹೆಸರನ್ನೇ ಇಟ್ಟು 1874ರಲ್ಲಿ ವಿವರಣೆ ಪ್ರಕಟಿಸಿದರು. ಇಂದು ಜೋಳದ ಹೊಲಗಳಿರುವ ಕಡೆ ಒಂದು ಕಾಲಕ್ಕೆ ಖಡ್ಗಮೃಗಗಳು ಮೇಯುತ್ತಿದ್ದವೆಂಬ ಸಂಗತಿ ಹೀಗೆ ಹೊರಬಂತು. ಆ ಪ್ರದೇಶದ ಕುರಿತ ಅವರ ದೊಡ್ಡ ವರದಿ 1876ರಲ್ಲಿ ಪ್ರಕಟವಾಯಿತು.

1880ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಸರ್ವೇಕ್ಷಣೆ ಅವರ ಪಾಲಿಗೆ ಬಂತು. ಆಗ ಬಳ್ಳಾರಿಯು ಮದ್ರಾಸ್ ಪ್ರಾಂತ್ಯದ ವಾಯವ್ಯ ಮೂಲೆಯ ಜಿಲ್ಲೆ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳೊಡನೆ ಆದೋನಿ, ಆಲೂರು, ರಾಯದುರ್ಗಗಳೂ ಅದಕ್ಕೆ ಸೇರಿದ್ದವು. ಸಂಡೂರು ಪ್ರತ್ಯೇಕ ಸಂಸ್ಥಾನವಾಗಿತ್ತು. 1876ರಿಂದ 1878ರವರೆಗಿನ ಭೀಕರ ಕ್ಷಾಮ ಈ ಜಿಲ್ಲೆಯನ್ನು ಹಿಂಡಿಹಾಕಿ ಹೆಚ್ಚು ಕಾಲವಾಗಿರಲಿಲ್ಲ. ಅಂಥ ನೆಲದ ಮೇಲೆ ಫೂಟ್ ಹೆಜ್ಜೆಯಿಟ್ಟರು.

ಕೂಡ್ಲಿಗಿಯ ಸುತ್ತ ಬೆಣಚು ಮತ್ತು ಗ್ರಾನೈಟ್ ಬಂಡೆಗಳ ರಾಶಿ. ಅವುಗಳ ನಡುವೆ ಕಪ್ಪು ಗೋಡೆಯಂತೆ ಮೈಲುಗಟ್ಟಲೆ ಚಾಚಿರುವ ಡಾಲರೈಟ್ ಶಿಲೆಯ ಪಟ್ಟಿಗಳು. ಪಶ್ಚಿಮದಲ್ಲಿ ಹಡಗಲಿ ಮತ್ತು ಹರಪನಹಳ್ಳಿಗಳನ್ನು ಹಾದುಹೋಗುವ ಬೇರೆಯದೇ ಶಿಲಾಶ್ರೇಣಿ. ಗದಗ ಕಡೆಯ ಡಂಬಳದಿಂದ ಹೊರಟು, ತುಂಗಭದ್ರೆಯನ್ನು ದಾಟಿ, ಚಿತ್ರದುರ್ಗದ ಮೂಲಕ ಚಿಕ್ಕನಾಯಕನಹಳ್ಳಿಯವರೆಗೆ ಇದು ಒಂದೇ ಪಟ್ಟಿಯಾಗಿ ಸಾಗುತ್ತದೆಂದು ಫೂಟ್ ಕಂಡುಕೊಂಡರು. ಸಂಡೂರಿನ ಬೆಟ್ಟಗಳೂ ಬಳ್ಳಾರಿ ಪಕ್ಕದ ತಾಮ್ರಗಿರಿಯೂ ಇದೇ ಕುಲಕ್ಕೆ ಸೇರಿದವು. ಸುತ್ತಲಿನ ಗ್ರಾನೈಟಿಗಿಂತ ಭಿನ್ನವಾದ ಈ ಶಿಲೆಗಳಿಗೆ ಅವರು ಧಾರವಾಡ ಶಿಲಾವರ್ಗ ಎಂದು ಹೆಸರಿಟ್ಟರು. ದಕ್ಷಿಣ ಭಾರತದ ಚಿನ್ನ ಹುದುಗಿರುವುದು ಮುಖ್ಯವಾಗಿ ಈ ಶಿಲೆಗಳಲ್ಲಿಯೇ ಎಂಬುದನ್ನೂ ಸ್ಪಷ್ಟಪಡಿಸಿದರು. ಕನ್ನಡ ನಾಡಿನ ಊರೊಂದರ ಹೆಸರು ಜಗತ್ತಿನ ಭೂವಿಜ್ಞಾನದ ಪುಸ್ತಕಗಳನ್ನು ಸೇರಿದ್ದು ಹೀಗೆ.

ಸಂಡೂರಿನ ರಾಮನದುರ್ಗ, ದೋಣಿಮಲೈ, ಕುಮಾರಸ್ವಾಮಿ ಬೆಟ್ಟಗಳ ಕಬ್ಬಿಣದ ಅದಿರಿನ ಸಮೃದ್ಧಿಯನ್ನು ಅವರು ವಿವರವಾಗಿ ಬರೆದರು. ಬಳ್ಳಾರಿ ಜಿಲ್ಲೆಯ ಕುರಿತ ಅವರ ಗ್ರಂಥ 1895ರಲ್ಲಿ ಇಲಾಖೆಯ ಪ್ರಕಟಣೆಯಾಗಿ ಹೊರಬಂತು. ಮುಂದಿನ ಶತಮಾನದಲ್ಲಿ ಇಲ್ಲಿಗೆ ಬಂದ ಗಣಿಗಾರಿಕೆಗೆ ಅದು ಆರಂಭದ ದಾಖಲೆಯಾಯಿತು.

ಬೂದಿದಿಬ್ಬದ ಒಗಟು

ಆದರೆ ಫೂಟ್ ಅವರ ಹೆಸರನ್ನು ಈ ಸೀಮೆಯಲ್ಲಿ ಸ್ಥಿರವಾಗಿ ನಿಲ್ಲಿಸಿದ್ದು ಅದಿರಲ್ಲ, ಬೂದಿ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯ ಕುಡತಿನಿಯಲ್ಲಿ ದೊಡ್ಡ ಬೂದಿದಿಬ್ಬವಿದೆ. ಇಂಥ ದಿಬ್ಬಗಳು ಬಳ್ಳಾರಿ, ರಾಯಚೂರು, ಕಲಬುರ್ಗಿ ಸೀಮೆಗಳಲ್ಲಿ ಅನೇಕ. ಜನರ ನಂಬಿಕೆಯಲ್ಲಿ ಇವು ಅಸುರರನ್ನು ಸುಟ್ಟ ಬೂದಿ. ಹಂಪಿಯ ಪಕ್ಕದ ನಿಂಬಾಪುರದ ದಿಬ್ಬವಂತೂ ವಾಲಿಯ ಚಿತೆಯೆಂದೇ ಪ್ರಸಿದ್ಧ. ಫೂಟ್ ಅವರಿಗಿಂತ ಮೊದಲೇ ನ್ಯೂಬೋಲ್ಡ್ ಎಂಬ ಸೈನ್ಯಾಧಿಕಾರಿ ಕುಡತಿನಿಯ ದಿಬ್ಬವನ್ನು ಪರಿಶೀಲಿಸಿದ್ದರು. ಜ್ವಾಲಾಮುಖಿಯೋ, ಇಟ್ಟಿಗೆ ಸುಟ್ಟ ಗೂಡೋ, ಕಬ್ಬಿಣ ಕರಗಿಸಿದ ಕುಲುಮೆಯೋ ಎಂಬ ಊಹೆಗಳೂ ಚಲಾವಣೆಯಲ್ಲಿದ್ದವು.

ಫೂಟ್ ಅವರ ಉತ್ತರ ಸರಳವಾಗಿತ್ತು. ಇದು ಸುಟ್ಟ ಸಗಣಿಯ ಬೂದಿ. ದಿಬ್ಬಗಳಲ್ಲಿ ಮತ್ತು ಅವುಗಳ ಸುತ್ತ ದೊರೆತ ನುಣುಪಾದ ಕಲ್ಲುಕೊಡಲಿಗಳು, ಮಡಕೆ ಚೂರುಗಳು, ದನದ ಎಲುಬುಗಳು ನವಶಿಲಾಯುಗಕ್ಕೆ ಸೇರಿದವು. ಹಾಗಾದರೆ ಇವು ಅಂದಿನ ದನಗಾಹಿಗಳ ದೊಡ್ಡಿಗಳು. ದೊಡ್ಡಿಯಲ್ಲಿ ಕೂಡಿದ ಸಗಣಿಗೆ ಮತ್ತೆ ಮತ್ತೆ ಬೆಂಕಿ ಬಿದ್ದು, ಗಾಜಿನಂತೆ ಕರಗಿ ಗಟ್ಟಿಯಾಗಿ ದಿಬ್ಬವಾಗಿದೆ ಎಂಬುದು ಅವರ ತರ್ಕ.

ಸಂಗನಕಲ್ಲು ಪಕ್ಕದ ಕಪ್ಪಗಲ್ಲು ಗುಡ್ಡದಲ್ಲಿ ಈ ತರ್ಕಕ್ಕೆ ಬೆಂಬಲ ದೊರೆಯಿತು. ಫ್ರೇಸರ್ ಎಂಬ ಎಂಜಿನಿಯರ್ ಮೊದಲು ಗುರುತಿಸಿದ್ದ ಆ ಜಾಗವನ್ನು ಫೂಟ್ ವಿವರವಾಗಿ ಅಭ್ಯಾಸ ಮಾಡಿದರು. ಕಪ್ಪು ಡಾಲರೈಟ್ ಪಟ್ಟಿಯಿಂದ ಕಲ್ಲು ಒಡೆದು, ಚಕ್ಕೆ ತೆಗೆದು, ಬಂಡೆಗೆ ಉಜ್ಜಿ ನುಣುಪು ಮಾಡಿ ಕೊಡಲಿಗಳನ್ನು ತಯಾರಿಸುತ್ತಿದ್ದ ದೊಡ್ಡ ಕಾರ್ಯಾಗಾರವೇ ಅಲ್ಲಿತ್ತು. ಅರೆಬರೆಯಾದವು, ಕೆಲಸದ ನಡುವೆ ಮುರಿದವು, ಪೂರ್ಣಗೊಂಡವು ಎಲ್ಲವೂ ಬಿದ್ದಲ್ಲಿಯೇ ಬಿದ್ದಿದ್ದವು. ಪಕ್ಕದ ಬಂಡೆಗಳ ಮೇಲೆ ಕುಟ್ಟಿ ಮೂಡಿಸಿದ ಗೂಳಿಗಳ ಚಿತ್ರಗಳು. 1887ರಲ್ಲಿ ಬಂಗಾಳದ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅವರು ಈ ಶೋಧಗಳ ವಿವರವನ್ನು ಪ್ರಕಟಿಸಿದರು.

ಎಲ್ಲರೂ ಇದನ್ನು ಒಪ್ಪಲಿಲ್ಲ. ವಿಜಯನಗರದ ಇತಿಹಾಸಕಾರರೆಂದು ಹೆಸರಾದ ರಾಬರ್ಟ್ ಸೀವೆಲ್ ಅವರು 1899ರಲ್ಲಿ ಈ ದಿಬ್ಬಗಳ ಕುರಿತು ಲೇಖನ ಬರೆದು, ಅವುಗಳನ್ನು ಬಹಳ ಈಚಿನ ಕಾಲಕ್ಕೆ ತರುವ ವಾದ ಮುಂದಿಟ್ಟರು. ಫೂಟ್ ಅವರ ಜೀವಿತಾವಧಿಯಲ್ಲಿ ಈ ವಿವಾದ ತೀರ್ಮಾನವಾಗಲೇ ಇಲ್ಲ.

ತೀರ್ಮಾನವಾದದ್ದು ಅವರು ಗತಿಸಿ ಅರ್ಧ ಶತಮಾನದ ನಂತರ. ಉಟ್ನೂರಿನ ದಿಬ್ಬವನ್ನು 1957ರಲ್ಲಿ ಅಗೆದ ರೇಮಂಡ್ ಆಲ್ಚಿನ್ ಅವರಿಗೆ ಬೇಲಿಯ ಕಂಬ ನೆಟ್ಟ ಕುಳಿಗಳೂ ದನದ ಗೊರಸಿನ ಗುರುತುಗಳೂ ಕಂಡವು. ಬೂದಿಯ ಪರೀಕ್ಷೆಯೂ ಅದು ಸಗಣಿಯೇ ಎಂದು ಖಚಿತಪಡಿಸಿತು. ಆಲ್ಚಿನ್ ಅವರ ಗ್ರಂಥ 1963ರಲ್ಲಿ ಪ್ರಕಟವಾಯಿತು. ಮುಂದೆ ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅವರು ನಡೆಸಿದ ಉತ್ಖನನ ದನದ ದೊಡ್ಡಿಯ ಜೊತೆಗೆ ಜನವಸತಿಯನ್ನೂ ಬಯಲಿಗೆ ತಂದಿತು. ಸುಮಾರು ಐದು ಸಾವಿರ ವರ್ಷಗಳ ಹಿಂದೆ ಇಲ್ಲಿ ದನ, ಕುರಿ, ಮೇಕೆ ಸಾಕಿ ಬಾಳಿದವರ ಬದುಕು ಹೀಗೆ ರೂಪು ತಳೆಯಿತು.

ಕಂಬಳಿ, ಮಂದೆ, ನಾಯಿ

ಈ ಬದುಕಿನ ಎಳೆ ಈ ತಾಲ್ಲೂಕುಗಳಲ್ಲಿ ಪೂರ್ಣವಾಗಿ ಕಡಿದಿಲ್ಲ. ಕೂಡ್ಲಿಗಿ ಭಾಗದ ಮ್ಯಾಸನಾಯಕರು ದೇವರ ಎತ್ತುಗಳ ಮಂದೆಗಳನ್ನು ಇಂದಿಗೂ ಕಾಯುತ್ತಾರೆ. ಅವುಗಳನ್ನು ನೋಡಿಕೊಳ್ಳುವ ಕಿಲಾರಿಗೆ ಸಮುದಾಯದಲ್ಲಿ ವಿಶೇಷ ಗೌರವವಿದೆ. ಮುಳ್ಳುಬೇಲಿಯ ರೊಪ್ಪ, ರಾತ್ರಿ ಕಾವಲಿನ ನಾಯಿ, ತೋಳ ಚಿರತೆಗಳ ಭಯ, ಇವೆಲ್ಲ ಇಲ್ಲಿನ ದಿನಚರಿಯ ಮಾತುಗಳು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕುರಿಗಾಹಿಗಳ ದೈವ ಮೈಲಾರಲಿಂಗನ ಸಂಗಾತಿಯಾಗಿ ನಾಯಿಗೂ ಸ್ಥಾನವುಂಟು. ಭರತ ಹುಣ್ಣಿಮೆಯ ಕಾರಣಿಕದ ಜಾತ್ರೆಗೆ ಕಪ್ಪು ಕಂಬಳಿ ತೊಟ್ಟು ಬರುವ ಗೊರವರು ತಮ್ಮನ್ನು ದೇವರ ನಾಯಿಗಳೆಂದೇ ಭಾವಿಸಿ ಬೊಗಳುವ ಆಚರಣೆಯಿದೆ. ದೂರದ ಕಾಶ್ಮೀರದ ಬುರ್ಜಹೋಮ್‌ನ ನವಶಿಲಾಯುಗದ ಜನರು ಮನುಷ್ಯರೊಡನೆ ನಾಯಿಗಳನ್ನೂ ಸಮಾಧಿ ಮಾಡಿದ್ದರೆಂಬುದನ್ನು ನೆನೆದರೆ, ಮನುಷ್ಯ ಮತ್ತು ನಾಯಿಯ ಜೊತೆ ನಡಿಗೆ ಎಷ್ಟು ಹಳೆಯದೆಂಬುದು ತಿಳಿಯುತ್ತದೆ. ಮಹಾಭಾರತದ ಕೊನೆಯಲ್ಲಿ ಉತ್ತರದ ಹಿಮಪರ್ವತ ಏರಿದ ಧರ್ಮರಾಯನೊಂದಿಗೆ ಕಡೆಯವರೆಗೆ ಉಳಿದದ್ದೂ ನಾಯಿಯೇ.

ದಂತಕಥೆಯ ಅಸುರರನ್ನು ಬದಿಗಿಟ್ಟು, ಕಣ್ಣೆದುರಿನ ದನದ ದೊಡ್ಡಿಯಲ್ಲಿ ಉತ್ತರ ಹುಡುಕಿದ್ದು ಫೂಟ್ ಅವರ ಹೆಚ್ಚುಗಾರಿಕೆ. ಹೊಲಗೇರಿ, ಹಟ್ಟಿ, ಅಡವಿಗಳ ನಡುವೆ ದಿನಗಟ್ಟಲೆ ಅಲೆದವರಿಗೆ ಮಾತ್ರ ಇಂಥ ಉತ್ತರ ಹೊಳೆಯಲು ಸಾಧ್ಯ.

ಕೊನೆಯ ವರ್ಷಗಳು

ಕರ್ನೂಲು ಜಿಲ್ಲೆಯ ಬಿಲ್ಲಸುರ್ಗಂ ಗವಿಗಳನ್ನು ಫೂಟ್ 1880ರ ದಶಕದಲ್ಲಿ ಅಗೆಯಿಸಿದಾಗ ಸೇನೆಯಲ್ಲಿದ್ದ ಅವರ ಮಗ ಹೆನ್ರಿ ನೆರವಾದರು. 1891ರಲ್ಲಿ ನಿವೃತ್ತರಾದ ಮೇಲೂ ಅವರು ಸುಮ್ಮನೆ ಕೂರಲಿಲ್ಲ. ಬರೋಡಾ ಸಂಸ್ಥಾನದ ಭೂವಿಜ್ಞಾನಿಯಾಗಿ ಗುಜರಾತಿನಲ್ಲಿ ಕೆಲಸ ಮಾಡಿದರು. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆಯನ್ನು ತೆರೆದಾಗ ಅದಕ್ಕೆ ಅಡಿಪಾಯ ಹಾಕಿದವರೂ ಅವರೇ. ಸೇಲಂ ಬಳಿಯ ಏರ್ಕಾಡಿನ ತಂಪು ಬೆಟ್ಟದಲ್ಲಿ ಮನೆ ಮಾಡಿಕೊಂಡು, ನಾನೂರಕ್ಕೂ ಹೆಚ್ಚು ನೆಲೆಗಳಿಂದ ತಂದ ವಸ್ತುಗಳನ್ನು ವಿಂಗಡಿಸಿ ಪಟ್ಟಿ ಬರೆದರು. 1904ರಲ್ಲಿ ಆ ಸಂಗ್ರಹವನ್ನು ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ ಕೊಂಡುಕೊಂಡಿತು.

ಫೂಟ್ ಅವರು 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ನಿಧನರಾದರು. ಅವರ ಅಸ್ಥಿಯನ್ನು ಏರ್ಕಾಡಿನ ಚರ್ಚಿನ ಆವರಣದಲ್ಲಿ ಇರಿಸಲಾಯಿತು. ಸಂಗ್ರಹದ ವಿವರಪಟ್ಟಿ 1914ರಲ್ಲಿ, ಟಿಪ್ಪಣಿಗಳ ಸಂಪುಟ 1916ರಲ್ಲಿ ಅಚ್ಚಾದವು. ಎರಡನ್ನೂ ಅವರು ಮುದ್ರಿತ ರೂಪದಲ್ಲಿ ನೋಡಲಿಲ್ಲ.

ಉಳಿದದ್ದು, ಅಳಿಯುತ್ತಿರುವುದು

ಅವರು ವರ್ಣಿಸಿದ ಸಂಡೂರಿನ ಬೆಟ್ಟಗಳನ್ನು ಗಣಿಗಳು ಕೊರೆದವು. ಪರಿಸ್ಥಿತಿ ಮಿತಿಮೀರಿದಾಗ 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ನೀಡಬೇಕಾಯಿತು. ಸಂಗನಕಲ್ಲಿನ ಗುಡ್ಡಗಳಿಗೆ ಕಲ್ಲುಕ್ವಾರಿಗಳು ಕೈಹಾಕಿದವು. ಎಷ್ಟೋ ಬೂದಿದಿಬ್ಬಗಳು ಗೊಬ್ಬರವಾಗಿ ಹೊಲ ಸೇರಿದವು, ಕೆಲವು ರಸ್ತೆಯ ಅಡಿಗೆ ಹೋದವು. ಕೂಡ್ಲಿಗಿ ತಾಲ್ಲೂಕಿನ ಕುಮತಿಯಲ್ಲಿ ನಿಂತಿರುವ ಮನುಷ್ಯಾಕಾರದ ಬೃಹತ್ ಶಿಲೆಗಳಂಥ ಗುರುತುಗಳಿಗೂ ಊರಿನವರ ಎಚ್ಚರವೇ ಮುಖ್ಯ ಕಾವಲು.

ಬಳ್ಳಾರಿಯಲ್ಲಿ ಇಂದು ಫೂಟ್ ಅವರ ಹೆಸರನ್ನೇ ಹೊತ್ತ ಸಂಗನಕಲ್ಲು ಪುರಾತತ್ತ್ವ ವಸ್ತುಸಂಗ್ರಹಾಲಯವಿದೆ. ಅವರು ಸುತ್ತಿದ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೀಮೆ, ಕೊಟ್ಟೂರು ಮತ್ತು ಹಗರಿಬೊಮ್ಮನಹಳ್ಳಿಗಳೊಂದಿಗೆ 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಜಿಲ್ಲೆಯ ಗಡಿಗಳು ಬದಲಾದರೂ ಡಾಲರೈಟ್ ಪಟ್ಟಿಗಳು ಅಂದು ಅವರು ನಕ್ಷೆಯಲ್ಲಿ ಗುರುತಿಸಿದ ಜಾಗದಲ್ಲಿಯೇ ಇವೆ. ಹೊಲದ ಬದುವಿನಲ್ಲಿ ನುಣುಪಾದ ಕಪ್ಪು ಕಲ್ಲೊಂದು ನೇಗಿಲಿಗೆ ಸಿಕ್ಕರೆ ಅದನ್ನು ಎಸೆಯುವ ಮುನ್ನ ಒಮ್ಮೆ ತಿರುಗಿಸಿ ನೋಡುವುದು ಒಳ್ಳೆಯದು. ಅದರ ಅಂಚಿನಲ್ಲಿ ಐದು ಸಾವಿರ ವರ್ಷಗಳ ಹಿಂದಿನ ಕೈಯೊಂದರ ಕೆಲಸ ಇರಬಹುದು.