ಬೀದಿಯ ಕೆಳಗಿನ ಕೆಲಸ: ಸರ್ ಎಂ. ವಿಶ್ವೇಶ್ವರಯ್ಯನವರ ನೀರಿನ ಬದುಕು

ದಾವಣಗೆರೆ: ಜಲಾಶಯಕ್ಕೆ ಹೆಸರಿರುತ್ತದೆ, ಶಿಲಾಫಲಕವಿರುತ್ತದೆ, ನೋಡಲು ಬರುವ ಪ್ರವಾಸಿಗರಿರುತ್ತಾರೆ. ಬೀದಿಯ ಕೆಳಗೆ ಹೂತ ನೀರಿನ ಕೊಳವೆಗೆ ಇವಾವುವೂ ಇಲ್ಲ. ಅದು ಒಡೆದಾಗ ಮಾತ್ರ ಊರಿಗೆ ಅದರ ನೆನಪಾಗುತ್ತದೆ.

ದಾವಣಗೆರೆ ಮತ್ತು ಹರಿಹರದ ನಿವಾಸಿಗಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿರಂತರ ನೀರು ಪೂರೈಕೆಗೆಂದು ರೂಪಿಸಿದ ಜಲಸಿರಿ ಯೋಜನೆಗಾಗಿ ಎರಡೂ ನಗರಗಳ ವಸತಿ ಬೀದಿಗಳನ್ನು ಅಗೆದು ಹೊಸ ಕೊಳವೆ ಹಾಕುವಾಗ ಜನರು ದೂಳು, ಕೆಸರು, ಮನೆಯ ಮುಂದಿನ ಮಣ್ಣಿನ ರಾಶಿ ಎಲ್ಲವನ್ನೂ ಕಂಡಿದ್ದಾರೆ. ಇಷ್ಟೆಲ್ಲ ತೊಂದರೆ ಏತಕ್ಕೆ, ಹಳೆಯ ಕೊಳವೆಗೆ ಏನಾಗಿತ್ತು ಎಂಬ ಪ್ರಶ್ನೆ ಅನೇಕರ ಮನಸ್ಸಿನಲ್ಲಿ ಸುಳಿದಿರಬಹುದು.

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ನಾಡಿನ ಅತ್ಯಂತ ಪ್ರಸಿದ್ಧ ಎಂಜಿನಿಯರ್ ಒಬ್ಬರ ಬದುಕು ಎದುರಾಗುತ್ತದೆ. ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರು ಹೇಳಿದೊಡನೆ ಕಣ್ಣಿಗೆ ಕಟ್ಟುವುದು ಕನ್ನಂಬಾಡಿ ಅಣೆಕಟ್ಟೆ. ಆದರೆ ಅವರ ವೃತ್ತಿಯ ಮೊದಲ ಎರಡೂವರೆ ದಶಕಗಳ ಬಹುಭಾಗ ಕಳೆದದ್ದು ಊರುಗಳಿಗೆ ಕುಡಿಯುವ ನೀರು ತರುವುದರಲ್ಲಿ, ಕಾಲುವೆಗಳ ನೀರನ್ನು ಹಂಚುವುದರಲ್ಲಿ, ಕೊಳಚೆಯನ್ನು ಊರಿನಿಂದ ಹೊರಸಾಗಿಸುವ ಯೋಜನೆ ರೂಪಿಸುವುದರಲ್ಲಿ. ಆ ಕೆಲಸದ ಹೆಚ್ಚಿನ ಭಾಗ ಮಣ್ಣಿನಡಿಯದು.

ಮುದ್ದೇನಹಳ್ಳಿಯಿಂದ ಪುಣೆಗೆ

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದ ವಿಶ್ವೇಶ್ವರಯ್ಯನವರ ಜನ್ಮದಿನ ಸೆಪ್ಟೆಂಬರ್ 15. ಜನ್ಮವರ್ಷವನ್ನು 1860 ಎಂದೂ 1861 ಎಂದೂ ಬರೆಯುವುದುಂಟು. ತಂದೆ ಶ್ರೀನಿವಾಸಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮ. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗ ಚಿಕ್ಕಬಳ್ಳಾಪುರದಲ್ಲಿ ಓದಿ, ಬೆಂಗಳೂರಿಗೆ ಬಂದು ಮಕ್ಕಳಿಗೆ ಮನೆಪಾಠ ಹೇಳಿಕೊಡುತ್ತಲೇ ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ.ಎ. ಮುಗಿಸಿದ. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತು ಪುಣೆಯ ವಿಜ್ಞಾನ ಕಾಲೇಜು ಸೇರಿ, 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗನಾಗಿ ತೇರ್ಗಡೆಯಾದ. ಮರುವರ್ಷ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಹುದ್ದೆ ಕಾದಿತ್ತು.

ಹರಿಹರದ ಓದುಗರಿಗೆ ಇಲ್ಲೊಂದು ಸ್ವಾರಸ್ಯವಿದೆ. ಅಂದು ತುಂಗಭದ್ರೆಯ ಈಚೆ ದಡದ ಹರಿಹರ, ದಾವಣಗೆರೆಗಳು ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು. ಆಚೆ ದಡದ ರಾಣೆಬೆನ್ನೂರು, ಬ್ಯಾಡಗಿಗಳು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. ವಿಶ್ವೇಶ್ವರಯ್ಯನವರು ತಮ್ಮ ಜೀವಿತದಲ್ಲಿ ಈ ಎರಡೂ ಸರ್ಕಾರಗಳ ಸೇವೆ ಮಾಡಿದರು. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನ ಯೋಜನೆ ಒಂದಾಗಿ ಕೈಗೆತ್ತಿಕೊಂಡದ್ದೂ ಎರಡು ದಡಗಳ ಈ ನಾಲ್ಕು ಊರುಗಳನ್ನೇ.

ಮೊದಲ ಕೆಲಸವೇ ಕೊಳವೆ

ಹೊಸ ಎಂಜಿನಿಯರ್‌ಗೆ ಖಾನದೇಶದಲ್ಲಿ ವಹಿಸಿದ ಮೊದಲ ಕೆಲಸಗಳಲ್ಲಿ ಒಂದು, ಪಾಂಝರಾ ನದಿಯನ್ನು ದಾಟಿಸಿ ನೀರು ಒಯ್ಯುವ ಕೊಳವೆ ಸೈಫನ್. ನದಿಯ ಪಾತ್ರದಲ್ಲಿ ಕೊಳವೆ ಹೂಳುತ್ತಿರುವಾಗಲೇ ಮಳೆಗಾಲ ಬಂತು. ಪ್ರವಾಹ ತಂದ ಮರಳು ಅಗೆದ ಜಾಗವನ್ನು ಮತ್ತೆ ಮತ್ತೆ ಮುಚ್ಚಿತು. ಮಳೆ ನಿಲ್ಲುವವರೆಗೆ ಕೆಲಸ ಮುಂದೂಡಲು ಕೇಳಿಕೊಂಡ ತರುಣ ಅಧಿಕಾರಿಗೆ ಮೇಲಧಿಕಾರಿಯಿಂದ ಬಂದದ್ದು ಅಸಮಾಧಾನದ ಪತ್ರ. ಅವರು ವಾದಕ್ಕಿಳಿಯದೆ ಕೆಲಸ ಮುಂದುವರಿಸಿ ಪೂರ್ಣಗೊಳಿಸಿದರು. ಮಣ್ಣಿನಡಿಯ ಕೆಲಸ ಕಾಗದದ ಮೇಲಿನ ನಕ್ಷೆಯಂತೆ ಸಾಗುವುದಿಲ್ಲ ಎಂಬ ಪಾಠ ಅವರಿಗೆ ವೃತ್ತಿಯ ಹೊಸ್ತಿಲಲ್ಲಿಯೇ ದೊರೆಯಿತು.

ಅವರಿಗೆ ಹೆಸರು ತಂದದ್ದು ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣ. ಇಂದು ಪಾಕಿಸ್ತಾನದಲ್ಲಿರುವ ಈ ಊರು ಆಗ ಮುಂಬಯಿ ಆಡಳಿತಕ್ಕೆ ಸೇರಿತ್ತು. ಪಕ್ಕದಲ್ಲಿಯೇ ಸಿಂಧೂ ನದಿ ಹರಿಯುತ್ತಿದ್ದರೂ ಜನರಿಗೆ ಶುದ್ಧ ನೀರಿರಲಿಲ್ಲ. ನದಿಯ ನೀರು ಕೆಸರಿನಿಂದ ಕೂಡಿತ್ತು. ಅದನ್ನು ಶೋಧಿಸುವ ದೊಡ್ಡ ತೊಟ್ಟಿಗಳನ್ನು ಕಟ್ಟಲು ಪುರಸಭೆಯ ಬಳಿ ಹಣವಿರಲಿಲ್ಲ. ವಿಶ್ವೇಶ್ವರಯ್ಯನವರು ನದಿಯನ್ನೇ ಶೋಧಕವಾಗಿ ಬಳಸಿಕೊಂಡರು. ದಡದ ಅಂಚಿನಲ್ಲಿ ನದಿಯ ಪಾತ್ರದಲ್ಲಿಯೇ ಬಾವಿ ತೋಡಿಸಿ, ಅಲ್ಲಿಂದ ಪಾತ್ರದ ಅಡಿಗೆ ಸುರಂಗ ಕೊರೆಸಿದರು. ಮರಳಿನ ಪದರಗಳ ಮೂಲಕ ಜಿನುಗಿ ತಿಳಿಯಾದ ನೀರು ಬಾವಿಯಲ್ಲಿ ಸಂಗ್ರಹವಾಯಿತು. ಅದನ್ನು ಪಂಪಿನ ಮೂಲಕ ಗುಡ್ಡದ ಮೇಲಿನ ತೊಟ್ಟಿಗೆ ಏರಿಸಿ, ಅಲ್ಲಿಂದ ಕೊಳವೆಗಳಲ್ಲಿ ಊರಿಗೆ ಇಳಿಸಲಾಯಿತು. 1895ರಲ್ಲಿ ಈ ಕೆಲಸ ಮುಗಿಯಿತು.

ಮನುಷ್ಯನ ಕೈ ಕಾಯದ ವ್ಯವಸ್ಥೆ

ಸಕ್ಕರ್ ಬಳಿಕ ಸೂರತ್, ಅನಂತರ ಪುಣೆ. ಪುಣೆ ನಗರಕ್ಕೂ ಮೂಠಾ ಕಾಲುವೆಯ ಹೊಲಗಳಿಗೂ ನೀರುಣಿಸುತ್ತಿದ್ದ ಖಡಕವಾಸ್ಲಾ ಜಲಾಶಯ ಮಳೆಗಾಲದಲ್ಲಿ ತುಂಬಿ ಹರಿದು ವ್ಯರ್ಥವಾಗುತ್ತಿತ್ತು. ಅಣೆಕಟ್ಟೆಯನ್ನು ಎತ್ತರಿಸುವುದು ಅಪಾಯದ, ದುಬಾರಿಯ ಹಾದಿ. ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ಸ್ವಯಂಚಾಲಿತ ಬಾಗಿಲುಗಳನ್ನು ರೂಪಿಸಿದರು. ನೀರು ಗೊತ್ತುಪಡಿಸಿದ ಮಟ್ಟಕ್ಕೆ ಏರಿದಾಗ ಬಾಗಿಲು ತಾನಾಗಿ ತೆರೆಯುತ್ತಿತ್ತು, ಇಳಿದಾಗ ತಾನಾಗಿ ಮುಚ್ಚುತ್ತಿತ್ತು. ಇದರಿಂದ ಸುಮಾರು 8 ಅಡಿಯಷ್ಟು ಹೆಚ್ಚಿನ ನೀರು ನಿಲ್ಲಿಸುವುದು ಸಾಧ್ಯವಾಯಿತು. 1903ರಲ್ಲಿ ಅಳವಡಿಸಿದ ಈ ಬಾಗಿಲುಗಳ ವಿನ್ಯಾಸಕ್ಕೆ ಹಕ್ಕುಸ್ವಾಮ್ಯ ಅವರದಾಗಿದ್ದರೂ ಸರ್ಕಾರದಿಂದ ಅದರ ಸಂಭಾವನೆ ಪಡೆಯಲಿಲ್ಲ.

ಈ ಬಾಗಿಲಿನ ಹಿಂದಿನ ವಿಚಾರವೇ ಇಂದಿನ ನಿರಂತರ ನೀರು ಪೂರೈಕೆಯ ಹಿಂದೆಯೂ ಇದೆ ಎಂದರೆ ತಪ್ಪಾಗದು. ನಮ್ಮ ನಗರಗಳಲ್ಲಿ ಯಾವ ಬೀದಿಗೆ ಯಾವ ದಿನ ನೀರು ಎಂಬುದನ್ನು ಬಹುಕಾಲ ತೀರ್ಮಾನಿಸಿದ್ದು ವಾಲ್ವ್ ತಿರುಗಿಸುವ ನೀರಗಂಟಿಯ ಕೈ. ಸರದಿಯಂತೆ ನೀರು ಬಿಡುವ ಪದ್ಧತಿಯಲ್ಲಿ ಅಪಾಯವೊಂದು ಅಡಗಿದೆ. ನೀರು ನಿಂತು ಒತ್ತಡ ಇಳಿದಾಗ, ಬಿರುಕು ಬಿಟ್ಟ ಕೊಳವೆ ಹಾಗೂ ಸಡಿಲವಾದ ಜೋಡಣೆಗಳ ಮೂಲಕ ಸುತ್ತಲಿನ ಕೊಳಚೆ ಒಳಸೇರುತ್ತದೆ. ಮತ್ತೆ ನೀರು ಬಿಟ್ಟಾಗ ಅದು ಮನೆಮನೆಯ ಕೊಡ ಸೇರುತ್ತದೆ. ಹಳೆಯ ಕಬ್ಬಿಣದ ಕೊಳವೆಗಳ ಒಳಗೆ ತುಕ್ಕು ಗಂಟುಗಟ್ಟಿ ದಾರಿ ಕಿರಿದಾದರೆ ಕೊನೆಯ ಮನೆಗೆ ನೀರೇ ತಲುಪದು. ಸದಾ ಒತ್ತಡವಿರುವ ಸೋರದ ಕೊಳವೆ ಈ ಎರಡೂ ತೊಂದರೆಗಳಿಗೆ ಪರಿಹಾರ. ಬೀದಿ ಅಗೆಯುವುದು ಇದಕ್ಕಾಗಿ.

ಏಡನ್, ಹೈದರಾಬಾದ್

ಮುಂಬಯಿ ಸರ್ಕಾರ 1906ರಲ್ಲಿ ಅವರನ್ನು ಕೆಂಪು ಸಮುದ್ರದ ಬಾಯಿಯ ಬಳಿಯ ಏಡನ್ ಬಂದರಿಗೆ ಕಳುಹಿಸಿತು. ಮಳೆ ಎಂಬುದೇ ಅಪರೂಪವಾದ ಊರು. ಸುತ್ತಾಡಿ ಅಧ್ಯಯನ ನಡೆಸಿದ ಅವರು, ಸುಮಾರು 18 ಮೈಲಿ ಉತ್ತರದ ಪ್ರದೇಶದಲ್ಲಿ ಒಣಗಿದಂತೆ ಕಾಣುವ ನದಿಯ ಪಾತ್ರದ ಕೆಳಗೆ ನೀರಿದೆ ಎಂಬುದನ್ನು ಗುರುತಿಸಿ, ಅಲ್ಲಿ ಬಾವಿ ತೋಡಿ ನಗರಕ್ಕೆ ನೀರು ತರುವ ಯೋಜನೆ ನೀಡಿದರು. ನೀರಿನ ಜೊತೆಗೆ ಒಳಚರಂಡಿಯ ವರದಿಯನ್ನೂ ಸಿದ್ಧಪಡಿಸಿದರು. ಊರಿಗೆ ಬರುವ ನೀರಿಗೂ ಊರಿನಿಂದ ಹೋಗುವ ನೀರಿಗೂ ಲೆಕ್ಕ ಒಂದೇ ಎಂಬುದು ಅವರ ಕ್ರಮ.

ಇಷ್ಟೆಲ್ಲ ಸಾಧಿಸಿದರೂ ಆಂಗ್ಲರ ಆಡಳಿತದಲ್ಲಿ ಭಾರತೀಯನೊಬ್ಬ ಮುಖ್ಯ ಎಂಜಿನಿಯರ್ ಆಗುವ ಸಂಭವ ಕಡಿಮೆಯಿತ್ತು. 1908ರಲ್ಲಿ ಅವರು ಸೇವೆಯಿಂದ ನಿವೃತ್ತಿ ಕೋರಿ ವಿದೇಶ ಪ್ರವಾಸ ಹೊರಟರು. ಅದೇ ವರ್ಷದ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನರು ಪ್ರಾಣ ಕಳೆದುಕೊಂಡರು. ನಿಜಾಮ ಸರ್ಕಾರದ ಕರೆಗೆ ಓಗೊಟ್ಟು 1909ರಲ್ಲಿ ಬಂದ ವಿಶ್ವೇಶ್ವರಯ್ಯನವರು ಪ್ರವಾಹ ತಡೆಗೆ ಎರಡು ಜಲಾಶಯಗಳನ್ನೂ ನಗರಕ್ಕೆ ಒಳಚರಂಡಿ ವ್ಯವಸ್ಥೆಯನ್ನೂ ಸೂಚಿಸಿದರು. ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಪೂರ್ಣಗೊಂಡವು. ಪ್ರವಾಹವನ್ನು ತಡೆಯಲು ಕಟ್ಟಿದ ಅವು ಹೈದರಾಬಾದಿಗೆ ಕುಡಿಯುವ ನೀರನ್ನೂ ಕೊಟ್ಟವು.

ಮೈಸೂರಿನ ಸೇವೆ

1909ರ ನವೆಂಬರ್‌ನಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆದ ಅವರು 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ದಿವಾನರಾದರು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆ, 1913ರ ಮೈಸೂರು ಬ್ಯಾಂಕ್, 1915ರ ಕನ್ನಡ ಸಾಹಿತ್ಯ ಪರಿಷತ್ತು, 1916ರ ಮೈಸೂರು ವಿಶ್ವವಿದ್ಯಾಲಯ ಎಲ್ಲರಿಗೂ ತಿಳಿದ ಸಂಗತಿಗಳು.

ಅವರ ಆಡಳಿತ ವಿವಾದವಿಲ್ಲದೆ ಮುಗಿಯಲಿಲ್ಲ ಎಂಬುದನ್ನೂ ಹೇಳಬೇಕು. ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರ ಸಮುದಾಯಗಳಿಗೆ ಸಾಕಷ್ಟು ಪ್ರಾತಿನಿಧ್ಯ ಬೇಕೆಂಬ ಬೇಡಿಕೆ ಬಲಗೊಂಡಾಗ, ಮಹಾರಾಜರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿ ನೇಮಿಸಿದರು. ಪರೀಕ್ಷೆಯ ಅರ್ಹತೆಯೇ ಆಯ್ಕೆಯ ಮಾನದಂಡವಾಗಬೇಕೆಂದಿದ್ದ ದಿವಾನರು ಇದನ್ನು ಒಪ್ಪಲಿಲ್ಲ. ಆ ವರ್ಷದ ಕೊನೆಗೆ ಅವರು ಅಧಿಕಾರದಿಂದ ಹೊರಬಂದರು. ನದಿಯ ನೀರು ಕೊನೆಯ ಹೊಲಕ್ಕೂ ತಲುಪಬೇಕೆಂದು ಲೆಕ್ಕ ಹಾಕಿದ ಎಂಜಿನಿಯರ್, ಅವಕಾಶಗಳ ಹಂಚಿಕೆಯ ಪ್ರಶ್ನೆಯಲ್ಲಿ ಮಹಾರಾಜರಿಗಿಂತ ಹಿಂದೆ ಉಳಿದರು ಎಂಬ ವಿಮರ್ಶೆ ಇಂದಿಗೂ ಇದೆ.

ಭದ್ರಾವತಿಯ ಕಬ್ಬಿಣ

ಮಲೆನಾಡಿನಿಂದ ಬಯಲುಸೀಮೆಗೆ ಇಳಿಯುವ ಭದ್ರಾ ನದಿಯ ದಂಡೆಯಲ್ಲಿ 1918ರಲ್ಲಿ ಆರಂಭವಾದ ಕಬ್ಬಿಣದ ಕಾರ್ಖಾನೆ ಅವರ ಮತ್ತೊಂದು ಕನಸು. ಕೆಮ್ಮಣ್ಣುಗುಂಡಿಯ ಅದಿರನ್ನು ಕಾಡಿನ ಇದ್ದಿಲಿನಿಂದ ಕರಗಿಸಿ 1923ರಲ್ಲಿ ಉತ್ಪಾದನೆ ಆರಂಭವಾದಾಗ ಮಾರುಕಟ್ಟೆ ಕುಸಿದಿತ್ತು. ನಷ್ಟದ ಕಾರ್ಖಾನೆಗೆ ರಾಜ್ಯದ ಹಣ ಸುರಿಯಲಾಗುತ್ತಿದೆ ಎಂಬ ಟೀಕೆ ಕೇಳಿಬಂತು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರೇ 1923ರಿಂದ 1929ರವರೆಗೆ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಕಾರ್ಖಾನೆಯನ್ನು ಹಳಿಗೆ ತಂದರು. ತಮಗೆ ಸಲ್ಲಬೇಕಾದ ಸಂಭಾವನೆಯನ್ನು ತಾಂತ್ರಿಕ ಶಿಕ್ಷಣಕ್ಕೆ ಮೀಸಲಿಟ್ಟರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ ಅದರ ಫಲ.

ಭದ್ರಾವತಿಯಲ್ಲಿ ಎರಕದ ಕಬ್ಬಿಣದ ಕೊಳವೆಗಳೂ ತಯಾರಾದವು. ನೀರಿನ ಕೊಳವೆಗೆ ಹೊರನಾಡನ್ನೇ ಅವಲಂಬಿಸದೆ ಇಲ್ಲಿನ ಅದಿರಿನಿಂದ ಇಲ್ಲಿಯೇ ಎರಕ ಹೊಯ್ಯುವುದು ಸಾಧ್ಯವಾಯಿತು. ಬೆಂಗಳೂರಿನ ನೀರಿನ ಕೊರತೆ ನೀಗಲು ನೇಮಿಸಿದ ಸಮಿತಿಯ ನೇತೃತ್ವವನ್ನೂ ಅವರು ವಹಿಸಿದರು. ತಿಪ್ಪಗೊಂಡನಹಳ್ಳಿಯ ಜಲಾಶಯ 1933ರಲ್ಲಿ ನಗರಕ್ಕೆ ನೀರು ಕೊಟ್ಟಿತು.

ತೊಂಬತ್ತು ದಾಟಿದ ಮೇಲೆಯೂ ಗಂಗಾ ನದಿಗೆ ಮೊಕಾಮಾ ಬಳಿ ಸೇತುವೆ ಕಟ್ಟುವ ವಿಚಾರದಲ್ಲಿ ಸರ್ಕಾರ ಅವರ ಸಲಹೆ ಪಡೆಯಿತು. 1955ರಲ್ಲಿ ಭಾರತ ರತ್ನ ಸಂದಿತು. 1962ರ ಏಪ್ರಿಲ್‌ನಲ್ಲಿ, ನೂರು ತುಂಬಿದ ಬದುಕನ್ನು ಮುಗಿಸಿ ಅವರು ಬೆಂಗಳೂರಿನಲ್ಲಿ ನಿಧನರಾದರು. ಅಂತ್ಯಸಂಸ್ಕಾರ ಹುಟ್ಟೂರು ಮುದ್ದೇನಹಳ್ಳಿಯಲ್ಲಿ ನಡೆಯಿತು.

ಎರಡು ನಗರಗಳಿಗೆ ಉಳಿದ ಪಾಠ

ವಿಶ್ವೇಶ್ವರಯ್ಯನವರ ನೀರಿನ ಕೆಲಸಗಳನ್ನು ಒಟ್ಟಾಗಿ ನೋಡಿದರೆ ಒಂದು ಕ್ರಮ ಕಾಣುತ್ತದೆ. ಮೊದಲು ಅಳತೆ, ಆಮೇಲೆ ಯೋಜನೆ. ನದಿಯಿಂದ ನಲ್ಲಿಯವರೆಗೆ, ನಲ್ಲಿಯಿಂದ ಚರಂಡಿಯವರೆಗೆ ಒಂದೇ ಲೆಕ್ಕ. ಕಟ್ಟಿದ ಮೇಲೆ ನಡೆಸಿಕೊಂಡು ಹೋಗುವ ವ್ಯವಸ್ಥೆ.

ದಾವಣಗೆರೆಗೆ ಸುಮಾರು 14 ಕಿ.ಮೀ. ದೂರದ ಹರಿಹರದ ಬದಿಯಿಂದ ತುಂಗಭದ್ರೆಯ ನೀರು ಬರುತ್ತದೆ; ಭದ್ರಾ ಕಾಲುವೆಯ ನೀರು ಕುಂದವಾಡ ಮತ್ತು ಟಿ.ವಿ. ಸ್ಟೇಷನ್ ಕೆರೆಗಳಲ್ಲಿ ಸಂಗ್ರಹವಾಗುತ್ತದೆ. ಮೂಲ ಎರಡಿದ್ದರೂ ಬೇಸಿಗೆಯಲ್ಲಿ ಕೊಡ ಹಿಡಿದು ಕಾಯುವುದು ಇಲ್ಲಿನವರಿಗೆ ಹೊಸತಲ್ಲ. ನದಿ ತುಂಬಿದ್ದೂ ಮನೆಯ ನಲ್ಲಿ ಒಣಗಿದ್ದರೆ ತಪ್ಪು ನದಿಯದಲ್ಲ, ನಡುವಿನ ದಾರಿಯದು. ಆ ದಾರಿಯನ್ನು ಹೊಸದಾಗಿ ಹಾಕಿದ ಮೇಲೂ ಎಲ್ಲಿ ಎಷ್ಟು ಸೋರುತ್ತಿದೆ ಎಂದು ಅಳೆಯದಿದ್ದರೆ, ಯಾವ ಬೀದಿಯ ಕೆಳಗೆ ಯಾವ ಕೊಳವೆ ಇದೆ ಎಂಬ ನಕ್ಷೆ ಕಾಪಾಡದಿದ್ದರೆ, ಇನ್ನು ಕೆಲವು ದಶಕಗಳಲ್ಲಿ ಅದೇ ಬೀದಿಯನ್ನು ಕಣ್ಣುಮುಚ್ಚಿ ಅಗೆಯಬೇಕಾಗುತ್ತದೆ.

ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನದಂದು ಪೇಟ ಧರಿಸಿದ ಆ ಭಾವಚಿತ್ರಕ್ಕೆ ಹಾರ ಹಾಕುವುದು ವಾಡಿಕೆ. ಹಿನ್ನೆಲೆಯಲ್ಲಿ ಸಾಮಾನ್ಯವಾಗಿ ಕನ್ನಂಬಾಡಿಯ ಚಿತ್ರವಿರುತ್ತದೆ. ಅವರು ಕಾರ್ಖಾನೆ ಕಟ್ಟಿದ ಭದ್ರಾವತಿಯನ್ನು ಹಾದ ಭದ್ರೆ, ಕೂಡಲಿಯಲ್ಲಿ ತುಂಗೆಯನ್ನು ಸೇರಿ ಹರಿಹರಕ್ಕೆ ಬರುತ್ತಾಳೆ. ಅಲ್ಲಿಂದ ಮುಂದೆ ಅವಳ ನೀರು ನಮ್ಮ ಮನೆಗಳಿಗೆ ಬರುವುದು ಯಾರ ಕಣ್ಣಿಗೂ ಬೀಳದ ಕೊಳವೆಗಳಲ್ಲಿ. ಆ ಕೊಳವೆಗಳನ್ನು ಜೋಡಿಸಿದವರನ್ನೂ, ಅವು ಸೋರದಂತೆ ಕಾಯುವವರನ್ನೂ ಅಂದು ನೆನೆದರೆ, ಆ ಹಾರ ಸಕ್ಕರಿನ ಬಾವಿ ತೋಡಿಸಿದ ಎಂಜಿನಿಯರ್‌ಗೂ ಸಲ್ಲುತ್ತದೆ.