ಹರ್ಬರ್ಟ್ ಚಾಪ್‌ಮನ್

ಹರ್ಬರ್ಟ್ ಚಾಪ್‌ಮನ್ (ಜನವರಿ ೧೯, ೧೮೭೮ – ಜನವರಿ ೬, ೧೯೩೪) ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರರು ಮತ್ತು ತಂಡದ ಮ್ಯಾನೇಜರ್ ಆಗಿದ್ದವರು. ಆಟಗಾರರಾಗಿ ಇವರು ಬಹುಕಾಲ ಕಳೆದದ್ದು ಫುಟ್‌ಬಾಲ್ ಲೀಗ್‌ನ ಹೊರಗಿದ್ದ ಕ್ಲಬ್‌ಗಳಲ್ಲಿ. ಮ್ಯಾನೇಜರ್ ಆದ ಮೇಲೆ ನಾರ್ಥಾಂಪ್ಟನ್ ಟೌನ್ ತಂಡಕ್ಕೆ ಸದರ್ನ್ ಲೀಗ್ ಪ್ರಶಸ್ತಿಯನ್ನೂ, ಹಡರ್ಸ್‌ಫೀಲ್ಡ್ ಟೌನ್ ಮತ್ತು ಆರ್ಸೆನಲ್ ತಂಡಗಳಿಗೆ ತಲಾ ಎರಡು ಬಾರಿ ಲೀಗ್ ಪ್ರಶಸ್ತಿಯನ್ನೂ ಒಂದೊಂದು ಬಾರಿ ಎಫ್.ಎ. ಕಪ್ಪನ್ನೂ ದೊರಕಿಸಿಕೊಟ್ಟರು. ಮೈದಾನಕ್ಕಿಳಿಯುವ ಹನ್ನೊಂದು ಮಂದಿಯನ್ನು ಕ್ಲಬ್ಬಿನ ಆಡಳಿತ ಮಂಡಳಿಯವರೇ ಆರಿಸುತ್ತಿದ್ದ ಕಾಲದಲ್ಲಿ, ಆ ಹೊಣೆ ಮ್ಯಾನೇಜರರದು ಎಂಬುದನ್ನು ಸ್ಥಾಪಿಸಿದವರಲ್ಲಿ ಇವರು ಪ್ರಮುಖರು.

ಜನನ ಮತ್ತು ಬಾಲ್ಯ

ಚಾಪ್‌ಮನ್ ಅವರು ಯಾರ್ಕ್‌ಷೈರ್ ಪ್ರಾಂತದ ಕಿವಟನ್ ಪಾರ್ಕ್ ಎಂಬ ಗಣಿ ಊರಿನಲ್ಲಿ ಜನಿಸಿದರು. ತಂದೆ ಜಾನ್ ಕಲ್ಲಿದ್ದಲು ಗಣಿಯ ಕಾರ್ಮಿಕರು, ಓದುಬರಹ ಅರಿಯದವರು. ಆದರೂ ಮಗನಿಗೆ ವಿದ್ಯಾಭ್ಯಾಸ ದೊರಕಿತು. ಹರ್ಬರ್ಟ್ ಷೆಫೀಲ್ಡ್ ನಗರದ ತಾಂತ್ರಿಕ ಕಾಲೇಜಿನಲ್ಲಿ ಗಣಿ ಎಂಜಿನಿಯರಿಂಗ್ ವ್ಯಾಸಂಗ ಮಾಡಿದರು. ಮನೆಯಲ್ಲಿ ಆಟದ ಹವ್ಯಾಸವೂ ಬಲವಾಗಿತ್ತು. ಸೋದರ ಹ್ಯಾರಿ ಷೆಫೀಲ್ಡ್ ವೆಡ್ನೆಸ್‌ಡೇ ತಂಡದಲ್ಲಿ ಹೆಸರು ಮಾಡಿದ ಆಟಗಾರರು. ಆ ದಿನಗಳಲ್ಲಿ ಅಣ್ಣತಮ್ಮಂದಿರ ಪೈಕಿ ಜನ ಗುರುತಿಸುತ್ತಿದ್ದುದು ಹ್ಯಾರಿಯವರನ್ನೇ.

ಆಟಗಾರರಾಗಿ

ಹರ್ಬರ್ಟ್ ಮುಂಪಡೆಯ ಆಟಗಾರರು. ಸ್ಟೇಲಿಬ್ರಿಜ್ ರೋವರ್ಸ್, ರಾಚ್‌ಡೇಲ್, ಗ್ರಿಮ್ಸ್‌ಬಿ ಟೌನ್, ಸ್ವಿಂಡನ್ ಟೌನ್, ಶೆಪ್ಪಿ ಯುನೈಟೆಡ್, ವರ್ಕ್‌ಸಾಪ್ ಟೌನ್ ಮುಂತಾದ ತಂಡಗಳನ್ನು ಒಂದಾದ ಮೇಲೊಂದರಂತೆ ಸೇರಿ ಬಿಟ್ಟರು. ಇವುಗಳ ಪೈಕಿ ಆಗ ಫುಟ್‌ಬಾಲ್ ಲೀಗ್‌ನಲ್ಲಿದ್ದುದು ಗ್ರಿಮ್ಸ್‌ಬಿ ಮಾತ್ರ. ಆಟದಿಂದಲೇ ಜೀವನ ಸಾಗಿಸಬಹುದೆಂಬ ಭರವಸೆ ಅವರಿಗಿರಲಿಲ್ಲ. ಹೆಚ್ಚು ಕಾಲ ಹವ್ಯಾಸಿ ಆಟಗಾರರಾಗಿಯೇ ಉಳಿದು, ಎಂಜಿನಿಯರ್ ವೃತ್ತಿಯನ್ನು ಕೈಬಿಡದೆ ಕಾಪಾಡಿಕೊಂಡರು.

೧೯೦೧ರಲ್ಲಿ ನಾರ್ಥಾಂಪ್ಟನ್ ಟೌನ್ ಸೇರಿದರು. ಅಲ್ಲಿನ ಆಟ ದೊಡ್ಡ ಕ್ಲಬ್‌ಗಳ ಗಮನ ಸೆಳೆದುದರಿಂದ ಮರುವರ್ಷ ಷೆಫೀಲ್ಡ್ ಯುನೈಟೆಡ್‌ಗೂ, ೧೯೦೩ರಲ್ಲಿ ನಾಟ್ಸ್ ಕೌಂಟಿಗೂ ಹೋದರು. ಎರಡೂ ಕಡೆ ನೆಲೆಯೂರಲಾಗಲಿಲ್ಲ. ೧೯೦೫ರಿಂದ ಎರಡು ವರ್ಷ ಟಾಟನ್‌ಹ್ಯಾಮ್ ಹಾಟ್‌ಸ್ಪರ್ ತಂಡದಲ್ಲಿದ್ದರು; ಟಾಟನ್‌ಹ್ಯಾಮ್ ಕೂಡ ಆಗ ಸದರ್ನ್ ಲೀಗ್‌ನಲ್ಲೇ ಇತ್ತು. ಅಲ್ಲಿ ಇವರ ಆಟಕ್ಕಿಂತ ಹೆಚ್ಚಾಗಿ ಪ್ರೇಕ್ಷಕರ ನೆನಪಿನಲ್ಲಿ ಉಳಿದದ್ದು ಇವರು ತೊಡುತ್ತಿದ್ದ ಹಳದಿ ಬಣ್ಣದ ಬೂಟುಗಳು.

ನಾರ್ಥಾಂಪ್ಟನ್ ಟೌನ್ (೧೯೦೭–೧೯೧೨)

೧೯೦೭ರಲ್ಲಿ ನಾರ್ಥಾಂಪ್ಟನ್ ಕ್ಲಬ್ಬು ಟಾಟನ್‌ಹ್ಯಾಮ್‌ನ ಆಟಗಾರ ವಾಲ್ಟರ್ ಬುಲ್ ಅವರನ್ನು ಆಟಗಾರ-ಮ್ಯಾನೇಜರ್ ಆಗಿ ಬರುವಂತೆ ಕೇಳಿತು. ಬುಲ್ ಮನಸ್ಸು ಬದಲಿಸಿ, ತಮ್ಮ ಬದಲಿಗೆ ಚಾಪ್‌ಮನ್ ಅವರ ಹೆಸರನ್ನು ಸೂಚಿಸಿದರು. ಹೀಗೆ ಬೇರೊಬ್ಬರಿಗಾಗಿ ತೆರೆದಿದ್ದ ಬಾಗಿಲಿನಿಂದ ಚಾಪ್‌ಮನ್ ಈ ಕ್ಷೇತ್ರವನ್ನು ಪ್ರವೇಶಿಸಿದರು.

ಆ ವೇಳೆಗೆ ನಾರ್ಥಾಂಪ್ಟನ್ ಸತತ ಎರಡು ವರ್ಷ ಸದರ್ನ್ ಲೀಗ್‌ನ ಕಟ್ಟಕಡೆಯ ಸ್ಥಾನದಲ್ಲಿತ್ತು. ಸದರ್ನ್ ಲೀಗ್ ಎಂಬುದು ಫುಟ್‌ಬಾಲ್ ಲೀಗ್‌ಗೆ ಸೇರದ ಪ್ರತ್ಯೇಕ ಸ್ಪರ್ಧೆ. ಅದರ ಮೊದಲ ದರ್ಜೆಯ ತಂಡಗಳನ್ನು ಫುಟ್‌ಬಾಲ್ ಲೀಗ್ ತನ್ನ ಮೂರನೆಯ ವಿಭಾಗವಾಗಿ ಸೇರಿಸಿಕೊಂಡದ್ದು ೧೯೨೦ರಲ್ಲಿ. ಅಂದಿನ ತಂಡಗಳಲ್ಲಿ ಯೋಜನೆ ಎಂಬುದು ಬಹಳ ಕಡಿಮೆ. ಪ್ರತಿಯೊಬ್ಬನೂ ತನಗೆ ತೋಚಿದಂತೆ ಆಡುತ್ತಿದ್ದ. ಬಹಳ ಹೊತ್ತು ಮೇಲೇರಿ ಆಡುವ ತಂಡವು ಎದುರಾಳಿಗಳೆಲ್ಲರನ್ನೂ ಅವರ ಗೋಲಿನ ಮುಂದೆ ಗುಂಪುಗೂಡಿಸಿ ತನ್ನ ದಾರಿಯನ್ನು ತಾನೇ ಮುಚ್ಚಿಕೊಳ್ಳುತ್ತದೆ ಎಂಬುದನ್ನು ಚಾಪ್‌ಮನ್ ಗಮನಿಸಿದರು. ಆದುದರಿಂದ ಮಧ್ಯದ ಆಟಗಾರರನ್ನು ಹಿಂದಕ್ಕೆ ಕರೆಸಿ, ಎದುರಾಳಿಗಳನ್ನು ಮುಂದಕ್ಕೆ ಸೆಳೆದು, ತೆರವಾದ ಜಾಗದಲ್ಲಿ ಚೆಂಡನ್ನು ಬೇಗನೆ ಸಾಗಿಸುವ ಕ್ರಮವನ್ನು ಕಲಿಸಿದರು. ಮೊದಲ ವರ್ಷ ತಂಡ ಎಂಟನೆಯ ಸ್ಥಾನಕ್ಕೇರಿತು; ೧೯೦೮–೦೯ರಲ್ಲಿ ಪ್ರಶಸ್ತಿಯನ್ನೇ ಗೆದ್ದಿತು. ಮುಂದಿನ ಮೂರು ವರ್ಷ ಮೊದಲ ನಾಲ್ಕು ಸ್ಥಾನಗಳಿಂದ ಕೆಳಗಿಳಿಯಲಿಲ್ಲ.

೧೯೧೧ರಲ್ಲಿ ಇವರು ವಾಲ್ಟರ್ ಟಲ್ ಅವರನ್ನು ಟಾಟನ್‌ಹ್ಯಾಮ್‌ನಿಂದ ಕರೆತಂದರು. ಟಲ್ ಅಂದಿನ ಇಂಗ್ಲೆಂಡಿನ ಬೆರಳೆಣಿಕೆಯ ಕಪ್ಪುವರ್ಣದ ವೃತ್ತಿಪರ ಆಟಗಾರರಲ್ಲಿ ಒಬ್ಬರು. ಪ್ರೇಕ್ಷಕರ ವರ್ಣನಿಂದನೆಗೆ ಗುರಿಯಾಗಿದ್ದ ಅವರು ಟಾಟನ್‌ಹ್ಯಾಮ್‌ನಲ್ಲಿ ಮೀಸಲು ತಂಡಕ್ಕೆ ಸರಿಸಲ್ಪಟ್ಟಿದ್ದರು. ನಾರ್ಥಾಂಪ್ಟನ್‌ನಲ್ಲಿ ನೂರಕ್ಕೂ ಹೆಚ್ಚು ಪಂದ್ಯಗಳನ್ನಾಡಿದರು. ಮುಂದೆ ಸೇನಾಧಿಕಾರಿಯಾಗಿ ೧೯೧೮ರಲ್ಲಿ ಫ್ರಾನ್ಸಿನ ರಣರಂಗದಲ್ಲಿ ಮಡಿದರು.

ಲೀಡ್ಸ್ ಸಿಟಿ ಮತ್ತು ನಿಷೇಧ

೧೯೧೨ರಲ್ಲಿ ಚಾಪ್‌ಮನ್ ಎರಡನೆಯ ವಿಭಾಗದ ಲೀಡ್ಸ್ ಸಿಟಿ ತಂಡದ ಮ್ಯಾನೇಜರ್ ಆದರು. ಲೀಗ್‌ನಲ್ಲಿ ಉಳಿಯಲು ಮತ ಯಾಚಿಸಬೇಕಾಗಿದ್ದ ಆ ತಂಡ ೧೯೧೩–೧೪ರಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ಅಷ್ಟರಲ್ಲಿ ಮೊದಲ ಮಹಾಯುದ್ಧ ಆರಂಭವಾಯಿತು. ೧೯೧೬ರಲ್ಲಿ ಇವರು ಲೀಡ್ಸ್ ಸಮೀಪದ ಬಾರ್ನ್‌ಬೋ ಮದ್ದುಗುಂಡು ಕಾರ್ಖಾನೆಯಲ್ಲಿ ಮೇಲ್ವಿಚಾರಣೆಯ ಹುದ್ದೆ ವಹಿಸಿಕೊಂಡು, ಕ್ಲಬ್ಬಿನ ಕೆಲಸವನ್ನು ಇತರರಿಗೆ ಬಿಟ್ಟುಕೊಟ್ಟರು.

ಯುದ್ಧಕಾಲದಲ್ಲಿ ಆಟಗಾರರಿಗೆ ಸಂಬಳ ಕೊಡುವುದು ನಿಷಿದ್ಧವಾಗಿತ್ತು. ಲೀಡ್ಸ್ ಸಿಟಿ ಅತಿಥಿ ಆಟಗಾರರಿಗೆ ಗುಟ್ಟಾಗಿ ಹಣ ನೀಡಿದೆ ಎಂಬ ದೂರು ೧೯೧೯ರಲ್ಲಿ ಕೇಳಿಬಂದಿತು. ಲೆಕ್ಕಪುಸ್ತಕಗಳನ್ನು ಒಪ್ಪಿಸಲು ಕ್ಲಬ್ಬು ನಿರಾಕರಿಸಿತು. ಪರಿಣಾಮವಾಗಿ ಅಕ್ಟೋಬರ್ ತಿಂಗಳಲ್ಲಿ ಅದನ್ನು ಲೀಗ್‌ನಿಂದ ಹೊರಹಾಕಲಾಯಿತು; ಆಟಗಾರರನ್ನು ಲೀಡ್ಸ್‌ನ ಹೋಟೆಲೊಂದರಲ್ಲಿ ಹರಾಜು ಹಾಕಲಾಯಿತು. ಚಾಪ್‌ಮನ್ ಸೇರಿದಂತೆ ಕ್ಲಬ್ಬಿನ ಪದಾಧಿಕಾರಿಗಳ ಮೇಲೆ ನಿಷೇಧ ಬಿದ್ದಿತು.

ಚಾಪ್‌ಮನ್ ಅದಕ್ಕೆ ಮೊದಲೇ ಕ್ಲಬ್ಬಿಗೆ ರಾಜೀನಾಮೆ ನೀಡಿ ಸೆಲ್ಬಿ ಎಂಬ ಊರಿನ ಎಣ್ಣೆ ಮತ್ತು ಹಿಂಡಿ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದರು. ೧೯೨೦ರ ಕೊನೆಯಲ್ಲಿ ಆ ಕೆಲಸವೂ ಹೋಯಿತು. ನಲವತ್ತೆರಡನೆಯ ವಯಸ್ಸಿನಲ್ಲಿ, ಹೆಂಡತಿ ಮತ್ತು ಮಕ್ಕಳ ಸಂಸಾರದೊಂದಿಗೆ, ಅವರು ಆಟದಿಂದಲೂ ಉದ್ಯೋಗದಿಂದಲೂ ಹೊರಗುಳಿದರು. ಆಗ ಹಡರ್ಸ್‌ಫೀಲ್ಡ್ ಟೌನ್ ಕ್ಲಬ್ಬು ಇವರ ನೆರವಿಗೆ ಬಂದಿತು. ಹಣ ಸಂದಾಯವಾಯಿತೆನ್ನಲಾದ ಅವಧಿಯಲ್ಲಿ ಇವರು ಬಾರ್ನ್‌ಬೋ ಕಾರ್ಖಾನೆಯಲ್ಲಿದ್ದರು ಎಂಬ ವಾದವನ್ನು ಒಪ್ಪಿ, ನಿಷೇಧವನ್ನು ತೆರವುಗೊಳಿಸಲಾಯಿತು. ಲೆಕ್ಕಪುಸ್ತಕಗಳು ಪರಿಶೀಲನೆಗೆ ಬಾರದ ಕಾರಣ ಆ ಪ್ರಕರಣದ ಪೂರ್ಣ ವಿಚಾರಣೆ ಎಂದೂ ನಡೆಯಲಿಲ್ಲ.

ಹಡರ್ಸ್‌ಫೀಲ್ಡ್ ಟೌನ್ (೧೯೨೧–೧೯೨೫)

ಹಡರ್ಸ್‌ಫೀಲ್ಡ್ ಕ್ಲಬ್ಬಿನ ಸ್ಥಿತಿಯೂ ಭದ್ರವಾಗಿರಲಿಲ್ಲ. ೧೯೧೯ರಲ್ಲಿ ಸಾಲದ ಹೊರೆಯಿಂದಾಗಿ ಕ್ಲಬ್ಬನ್ನೇ ಲೀಡ್ಸ್‌ಗೆ ಸಾಗಿಸುವ ಯೋಚನೆ ನಡೆದು, ಊರಿನವರು ಹಣ ಕೂಡಿಸಿ ಅದನ್ನು ಉಳಿಸಿಕೊಂಡಿದ್ದರು. ೧೯೨೧ರಲ್ಲಿ ಸಹಾಯಕರಾಗಿ ಬಂದ ಚಾಪ್‌ಮನ್ ಕೆಲವೇ ವಾರಗಳಲ್ಲಿ ಮ್ಯಾನೇಜರ್ ಆದರು. ಆಸ್ಟನ್ ವಿಲ್ಲಾದಿಂದ ಕ್ಲೆಮ್ ಸ್ಟೀಫನ್‌ಸನ್ ಅವರನ್ನು ಕರೆತಂದು ನಾಯಕರನ್ನಾಗಿಸಿದರು. ೧೯೨೨ರ ಎಫ್.ಎ. ಕಪ್ ಅಂತಿಮ ಪಂದ್ಯದಲ್ಲಿ ಬಿಲ್ಲಿ ಸ್ಮಿತ್ ಅವರ ಪೆನಾಲ್ಟಿ ಗೋಲಿನಿಂದ ಪ್ರೆಸ್ಟನ್ ನಾರ್ತ್ ಎಂಡ್ ತಂಡವನ್ನು ೧–೦ ಅಂತರದಿಂದ ಸೋಲಿಸಿದರು.

೧೯೨೩–೨೪ರಲ್ಲಿ ಹಡರ್ಸ್‌ಫೀಲ್ಡ್ ಮತ್ತು ಕಾರ್ಡಿಫ್ ಸಿಟಿ ತಲಾ ೫೭ ಅಂಕ ಗಳಿಸಿದವು. ಹಾಕಿದ ಗೋಲುಗಳನ್ನು ಬಿಟ್ಟುಕೊಟ್ಟ ಗೋಲುಗಳಿಂದ ಭಾಗಿಸಿ ಸ್ಥಾನ ನಿರ್ಣಯಿಸುವುದು ಅಂದಿನ ಪದ್ಧತಿ. ಹಡರ್ಸ್‌ಫೀಲ್ಡ್‌ನದು ೬೦ಕ್ಕೆ ೩೩, ಕಾರ್ಡಿಫ್‌ನದು ೬೧ಕ್ಕೆ ೩೪; ಕೂದಲೆಳೆಯ ಅಂತರದಲ್ಲಿ ಪ್ರಶಸ್ತಿ ಹಡರ್ಸ್‌ಫೀಲ್ಡ್ ಪಾಲಾಯಿತು. ಮರುವರ್ಷವೂ ಅದೇ ತಂಡ ಗೆದ್ದಿತು; ಆ ಇಡೀ ವರ್ಷ ಯಾವ ಲೀಗ್ ಪಂದ್ಯದಲ್ಲಿಯೂ ಎರಡಕ್ಕಿಂತ ಹೆಚ್ಚು ಗೋಲು ಬಿಟ್ಟುಕೊಡಲಿಲ್ಲ. ಚಾಪ್‌ಮನ್ ಬಿಟ್ಟುಹೋದ ಮೇಲೆ ತಂಡ ಮೂರನೆಯ ಸಲವೂ ಪ್ರಶಸ್ತಿ ಪಡೆದು, ಸತತ ಮೂರು ಬಾರಿ ಗೆದ್ದ ಮೊದಲ ಇಂಗ್ಲಿಷ್ ತಂಡವೆನಿಸಿತು.

ಆರ್ಸೆನಲ್ (೧೯೨೫–೧೯೩೪)

೧೯೨೫ರಲ್ಲಿ ಲಂಡನ್ನಿನ ಆರ್ಸೆನಲ್ ಮೊದಲ ವಿಭಾಗದ ೨೨ ತಂಡಗಳಲ್ಲಿ ಇಪ್ಪತ್ತನೆಯದಾಗಿತ್ತು. ಅದೇ ವರ್ಷ ಆಫ್‌ಸೈಡ್ ನಿಯಮ ಬದಲಾಯಿತು: ಆಕ್ರಮಣಕಾರ ಮತ್ತು ಗೋಲುಗೆರೆಯ ನಡುವೆ ಮೂವರು ಎದುರಾಳಿಗಳಿರಬೇಕಾಗಿದ್ದಲ್ಲಿ ಇಬ್ಬರಿದ್ದರೆ ಸಾಕೆಂದಾಯಿತು. ಗೋಲುಗಳ ಸಂಖ್ಯೆ ಒಮ್ಮೆಗೇ ಏರಿತು. ಅಕ್ಟೋಬರ್ ತಿಂಗಳಲ್ಲಿ ಆರ್ಸೆನಲ್ ನ್ಯೂಕ್ಯಾಸಲ್ ಎದುರು ೭–೦ ಅಂತರದಿಂದ ಸೋತಿತು. ಆಗ ಹಿರಿಯ ಆಟಗಾರ ಚಾರ್ಲಿ ಬಕನ್, ಮಧ್ಯದಲ್ಲಿ ಆಡುವ ಸೆಂಟರ್ ಹಾಫ್ ಆಟಗಾರನನ್ನು ರಕ್ಷಣಾ ಸಾಲಿಗೆ ಇಳಿಸಬೇಕೆಂದು ಒತ್ತಾಯಿಸಿದರು. ಚಾಪ್‌ಮನ್ ಆ ಸಲಹೆಯನ್ನು ಒಪ್ಪಿ, ಹಂತಹಂತವಾಗಿ ಪರಿಷ್ಕರಿಸಿ, ‘ಡಬ್ಲ್ಯೂ-ಎಂ’ ಎಂದು ಹೆಸರಾದ ವ್ಯೂಹವನ್ನು ರೂಪಿಸಿದರು. ಮುಂದೆ ಹಲವು ದಶಕಗಳ ಕಾಲ ಅನೇಕ ದೇಶಗಳ ತಂಡಗಳು ಇದನ್ನು ಅನುಸರಿಸಿದವು.

ಆಟಗಾರರ ಆಯ್ಕೆಯಲ್ಲಿ ಇವರ ಕಣ್ಣು ಸೂಕ್ಷ್ಮವಾದುದು. ಬೋಲ್ಟನ್‌ನ ಡೇವಿಡ್ ಜಾಕ್ ಅವರಿಗಾಗಿ ೧೯೨೮ರಲ್ಲಿ ಹತ್ತು ಸಾವಿರ ಪೌಂಡು ಮೀರಿದ ದಾಖಲೆಯ ಹಣ ತೆತ್ತರು. ಆದರೆ ಎಡ್ಡಿ ಹ್ಯಾಪ್‌ಗುಡ್ ಅವರನ್ನು ತಂದದ್ದು ಲೀಗ್‌ನ ಹೊರಗಿನ ಕೆಟರಿಂಗ್ ಟೌನ್ ಎಂಬ ಸಣ್ಣ ಕ್ಲಬ್ಬಿನಿಂದ. ಹ್ಯಾಪ್‌ಗುಡ್ ಮುಂದೆ ಇಂಗ್ಲೆಂಡ್ ತಂಡದ ನಾಯಕರಾದರು. ಅಲೆಕ್ಸ್ ಜೇಮ್ಸ್ ಮತ್ತು ಹದಿಹರೆಯದ ಕ್ಲಿಫ್ ಬ್ಯಾಸ್ಟಿನ್ ಕೂಡ ಇವರ ಆಯ್ಕೆಗಳೇ.

೧೯೩೦ರ ಕಪ್ ಅಂತಿಮ ಪಂದ್ಯದಲ್ಲಿ ಆರ್ಸೆನಲ್ ಇವರ ಹಳೆಯ ತಂಡ ಹಡರ್ಸ್‌ಫೀಲ್ಡ್ ಅನ್ನೇ ೨–೦ ಅಂತರದಿಂದ ಸೋಲಿಸಿತು. ಇವರ ಗೌರವಾರ್ಥ ಅಂದು ಎರಡೂ ತಂಡಗಳು ಜೊತೆಜೊತೆಯಾಗಿ ಮೈದಾನ ಪ್ರವೇಶಿಸಿದವು. ೧೯೩೦–೩೧ರಲ್ಲಿ ೪೨ ಪಂದ್ಯಗಳಿಂದ ೬೬ ಅಂಕ ಮತ್ತು ೧೨೭ ಗೋಲು ಗಳಿಸಿ ಆರ್ಸೆನಲ್ ಮೊದಲ ಲೀಗ್ ಪ್ರಶಸ್ತಿ ಪಡೆಯಿತು. ೧೯೩೩ರ ಜನವರಿಯಲ್ಲಿ ಮೂರನೆಯ ವಿಭಾಗದ ವಾಲ್ಸಾಲ್ ಎದುರು ಕಪ್ ಪಂದ್ಯದಲ್ಲಿ ಸೋತು ಮುಖಭಂಗ ಅನುಭವಿಸಿದರೂ, ಅದೇ ವರ್ಷ ಎರಡನೆಯ ಲೀಗ್ ಪ್ರಶಸ್ತಿ ಬಂದಿತು.

ಸುಧಾರಣೆಗಳು

ಅಂಗಿಯ ಬೆನ್ನ ಮೇಲೆ ಸಂಖ್ಯೆ, ರಾತ್ರಿ ಆಟಕ್ಕೆ ವಿದ್ಯುದ್ದೀಪ, ಬಿಳಿಯ ಚೆಂಡು ಇವೆಲ್ಲವನ್ನೂ ಚಾಪ್‌ಮನ್ ಬೆಂಬಲಿಸಿದರು. ೧೯೨೮ರ ಆಗಸ್ಟ್ ತಿಂಗಳಲ್ಲಿ ಆರ್ಸೆನಲ್ ಆಟಗಾರರು ಸಂಖ್ಯೆ ಧರಿಸಿ ಆಡಿದರು. ಹೈಬರಿ ಮೈದಾನದಲ್ಲಿ ದೀಪಗಳನ್ನು ಅಳವಡಿಸಿದರೂ ಅಧಿಕೃತ ಪಂದ್ಯಗಳಿಗೆ ಅವುಗಳನ್ನು ಬಳಸಲು ಫುಟ್‌ಬಾಲ್ ಸಂಘ ೧೯೫೦ರ ದಶಕದವರೆಗೆ ಅನುಮತಿ ನೀಡಲಿಲ್ಲ. ಮೈದಾನದ ಪಕ್ಕದ ಗಿಲೆಸ್ಪಿ ರೋಡ್ ಭೂಗತ ರೈಲು ನಿಲ್ದಾಣಕ್ಕೆ ೧೯೩೨ರಲ್ಲಿ ಆರ್ಸೆನಲ್ ಎಂಬ ಹೆಸರು ಬಂದದ್ದು ಇವರ ಪ್ರಯತ್ನದಿಂದ. ಕೆಂಪು ಅಂಗಿಗೆ ಬಿಳಿಯ ತೋಳುಗಳು ಸೇರಿದ್ದು ೧೯೩೩ರಲ್ಲಿ.

ನಿಧನ

೧೯೩೪ರ ಹೊಸ ವರ್ಷದ ಮೊದಲ ದಿನಗಳಲ್ಲಿ ಚಾಪ್‌ಮನ್ ನೆಗಡಿಯಿಂದ ಬಳಲುತ್ತಲೇ ಉತ್ತರದ ಊರುಗಳಲ್ಲಿ ಪಂದ್ಯಗಳನ್ನು ನೋಡಿ ಬಂದರು. ವೈದ್ಯರ ಸಲಹೆಯನ್ನು ಮೀರಿ, ಗಿಲ್ಡ್‌ಫರ್ಡ್‌ನಲ್ಲಿ ಕ್ಲಬ್ಬಿನ ಮೂರನೆಯ ತಂಡದ ಆಟ ನೋಡಲೂ ಹೋದರು. ನೆಗಡಿ ನ್ಯುಮೋನಿಯಾಕ್ಕೆ ತಿರುಗಿ ಜನವರಿ ೬ರ ಬೆಳಗಿನ ಜಾವ ಹೆಂಡನ್‌ನ ತಮ್ಮ ಮನೆಯಲ್ಲಿ ತೀರಿಕೊಂಡರು. ಆಗ ಅವರಿಗೆ ೫೫ ವರ್ಷ. ಅಂದೇ ಮಧ್ಯಾಹ್ನ ಹೈಬರಿಯಲ್ಲಿ ಷೆಫೀಲ್ಡ್ ವೆಡ್ನೆಸ್‌ಡೇ ಎದುರಿನ ಪಂದ್ಯ ನಿಗದಿಯಾಗಿತ್ತು. ಆಟಗಾರರು ಆ ಪಂದ್ಯವನ್ನಾಡಿ ೧–೧ರಲ್ಲಿ ಸಮ ಮಾಡಿಕೊಂಡರು. ಆ ವರ್ಷದ ಲೀಗ್ ಪ್ರಶಸ್ತಿಯೂ ಮರುವರ್ಷದ ಪ್ರಶಸ್ತಿಯೂ ಆರ್ಸೆನಲ್‌ಗೇ ದಕ್ಕಿದವು.

ಗೌರವಗಳು

ಶಿಲ್ಪಿ ಜೇಕಬ್ ಎಪ್‌ಸ್ಟೈನ್ ರಚಿಸಿದ ಚಾಪ್‌ಮನ್ ಅವರ ಕಂಚಿನ ಎದೆಮಟ್ಟದ ಪ್ರತಿಮೆಯನ್ನು ಹೈಬರಿಯ ಅಮೃತಶಿಲೆಯ ಹಜಾರದಲ್ಲಿ ಇರಿಸಲಾಯಿತು. ೨೦೦೩ರಲ್ಲಿ ಇಂಗ್ಲಿಷ್ ಫುಟ್‌ಬಾಲ್ ಕೀರ್ತಿಮಂದಿರಕ್ಕೆ ಇವರ ಹೆಸರು ಸೇರಿತು. ೨೦೦೫ರಲ್ಲಿ ಹೆಂಡನ್‌ನ ಮನೆಗೆ ಸ್ಮಾರಕ ಫಲಕ ಹಾಕಲಾಯಿತು. ೨೦೧೧ರಲ್ಲಿ ಆರ್ಸೆನಲ್ ತನ್ನ ಹೊಸ ಕ್ರೀಡಾಂಗಣದ ಹೊರಗೆ ಇವರ ಪೂರ್ಣ ಪ್ರತಿಮೆಯನ್ನು ನಿಲ್ಲಿಸಿತು.