ಪಾಳ್ವಣಕರ ಬಾಳೂ

ಚಳ್ಳಕೆರೆಯಲ್ಲಾಗಲಿ ಮೊಳಕಾಲ್ಮೂರಿನಲ್ಲಾಗಲಿ ಟೆಸ್ಟ್ ಪಂದ್ಯ ನಡೆಯುವಂತಹ ಕ್ರೀಡಾಂಗಣವಿಲ್ಲ. ಆದರೂ ದೂರದ ಯಾವುದೋ ನಗರದಲ್ಲಿ ಐದು ದಿನಗಳ ಪಂದ್ಯವೊಂದು ಆರಂಭವಾಯಿತೆಂದರೆ, ಎಣ್ಣೆಗಿರಣಿಗಳಿಗೆ ಹೆಸರಾದ ಆ ಊರಿನಲ್ಲೂ ರೇಷ್ಮೆ ಸೀರೆಗಳಿಗೆ ಹೆಸರಾದ ಈ ಊರಿನಲ್ಲೂ ಅದನ್ನು ಬೆಂಬತ್ತುವವರಿಗೆ ಕೊರತೆಯಿಲ್ಲ. ಹಿಂದೆ ಈ ಕುತೂಹಲವನ್ನು ತಣಿಸಲು ರೇಡಿಯೋ ಮತ್ತು ಮರುದಿನದ ಪತ್ರಿಕೆ ಇದ್ದವು. ಇಂದು ಅಂಗೈಯಲ್ಲಿರುವ ಮೊಬೈಲ್ ಇದೆ. ಚೆಂಡನ್ನು ಯಾರ ಕೈಗೆ ಕೊಡಬೇಕಿತ್ತು, ತಂಡದ ನಾಯಕತ್ವ ಯಾರಿಗೆ ಸಲ್ಲಬೇಕಿತ್ತು ಎಂಬ ವಾದ ಮಾತ್ರ ಬದಲಾಗಿಲ್ಲ. ಮೈದಾನವನ್ನು ಕಣ್ಣಾರೆ ಕಾಣದವನೂ ಈ ವಾದದಲ್ಲಿ ಹಿಂದೆ ಬೀಳುವುದಿಲ್ಲ.

ಭಾರತವು ತನ್ನ ಮೊದಲ ಟೆಸ್ಟ್ ಪಂದ್ಯವನ್ನು ಆಡಿದ್ದು 1932ರಲ್ಲಿ. ಅಭಿಮಾನಿಗಳ ಈ ವಾದವಾದರೋ ಅದಕ್ಕಿಂತ ಹಳೆಯದು. ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಮುಂಬಯಿಯ ಕ್ರಿಕೆಟ್ ಪ್ರಿಯರು ಒಬ್ಬ ಎಸೆತಗಾರನ ವಿಷಯದಲ್ಲಿ ಒಂದೇ ಪ್ರಶ್ನೆಯನ್ನು ವರ್ಷವರ್ಷವೂ ಕೇಳಿಕೊಳ್ಳಬೇಕಾಯಿತು. ತಂಡವನ್ನು ಗೆಲ್ಲಿಸುವವನು ತಂಡವನ್ನು ಏಕೆ ನಡೆಸಬಾರದು? ಆ ಎಸೆತಗಾರರೇ ನಮ್ಮ ಧಾರವಾಡದಲ್ಲಿ ಹುಟ್ಟಿದ ಪಾಳ್ವಣಕರ ಬಾಳೂ.

ಬಾಳೂ ಅವರು ಜನಿಸಿದ್ದು 1875–76ರ ಸುಮಾರಿಗೆ. ಮನೆತನದ ಹೆಸರು ಕೊಂಕಣ ಕರಾವಳಿಯ ಪಾಲವಣ ಎಂಬ ಗ್ರಾಮದಿಂದ ಬಂದದ್ದು. ಅವರ ಕುಲದವರು ಚರ್ಮದ ಕೆಲಸ ಮಾಡಿ ಬದುಕುತ್ತಿದ್ದವರು. ಅಂದಿನ ಸಮಾಜ ಅವರನ್ನು ಅಸ್ಪೃಶ್ಯರೆಂದು ದೂರವಿರಿಸಿತ್ತು. ತಂದೆಯ ಉದ್ಯೋಗ ಸೈನ್ಯಕ್ಕೆ ಸಂಬಂಧಿಸಿದ್ದಾದುದರಿಂದ ಸಂಸಾರವು ಪುಣೆಗೆ ಬಂದು ನೆಲೆಸಿತು. ಅಲ್ಲಿ ಬಾಳೂ ಮತ್ತು ಅವರ ತಮ್ಮ ಶಿವರಾಮ ಸೈನ್ಯಾಧಿಕಾರಿಗಳು ಬಳಸಿ ಬಿಸುಟ ದಾಂಡು ಚೆಂಡುಗಳಿಂದ ಕ್ರಿಕೆಟ್ ಕಲಿತರು. ಮುಂದೆ ಗಣಪತ ಮತ್ತು ವಿಠ್ಠಲ ಎಂಬ ಇನ್ನಿಬ್ಬರು ತಮ್ಮಂದಿರೂ ಇದೇ ಹಾದಿ ಹಿಡಿದರು.

ಬಡತನದ ಕಾರಣದಿಂದ ಬಾಳೂ ಚಿಕ್ಕ ವಯಸ್ಸಿನಲ್ಲಿಯೇ ದುಡಿಯಬೇಕಾಯಿತು. ಪಾರ್ಸಿಗಳ ಕ್ರಿಕೆಟ್ ಕ್ಲಬ್ಬೊಂದರಲ್ಲಿ ಅಂಕಣವನ್ನು ಗುಡಿಸಿ ಉರುಳೆ ಎಳೆಯುವ ಕೆಲಸ ದೊರೆಯಿತು. ಸಂಬಳ ತಿಂಗಳಿಗೆ ಮೂರು ರೂಪಾಯಿ. 1892ರಲ್ಲಿ ಅವರು ಐರೋಪ್ಯರ ಪೂನಾ ಕ್ಲಬ್ಬಿಗೆ ಸೇರಿದಾಗ ಅದು ನಾಲ್ಕು ರೂಪಾಯಿಯಾಯಿತು. ಬಲೆ ಕಟ್ಟುವುದು, ಗೆರೆ ಎಳೆಯುವುದು, ನೆಲವನ್ನು ಹದಗೊಳಿಸುವುದು ಇವೇ ಅವರ ಪಾಲಿನ ಕೆಲಸಗಳು. ಒಮ್ಮೆ ಐರೋಪ್ಯ ಆಟಗಾರರೊಬ್ಬರು ಅವರ ಕೈಗೆ ಚೆಂಡು ಕೊಟ್ಟು ಎಸೆಯಹೇಳಿದರು. ಎಡಗೈಯಿಂದ ನಿಧಾನವಾಗಿ ಹೊರಟ ಆ ಚೆಂಡು ಗಾಳಿಯಲ್ಲಿ ಬಾಗಿ ನೆಲ ಮುಟ್ಟಿ ತಿರುಗಿದ ರೀತಿಗೆ ಆ ಕ್ಲಬ್ಬಿನವರು ಬೆರಗಾದರು.

ಅಂದಿನ ಐರೋಪ್ಯ ದಾಂಡಿಗರಲ್ಲಿ ಅಗ್ರಗಣ್ಯನಾದ ಕ್ಯಾಪ್ಟನ್ ಗ್ರೀಗ್ ಪ್ರತಿದಿನ ಉಳಿದವರಿಗಿಂತ ಒಂದು ಗಂಟೆ ಮುಂಚಿತವಾಗಿ ಬಂದು ಬಾಳೂ ಅವರ ಎಸೆತಗಳನ್ನು ಎದುರಿಸತೊಡಗಿದನು. ತನ್ನನ್ನು ಔಟು ಮಾಡಿದ ಪ್ರತಿಯೊಂದು ಸಲಕ್ಕೂ ಅವನು ಎಂಟಾಣೆ ಕೊಡುತ್ತಿದ್ದನೆಂದು ಪ್ರತೀತಿ. ಇದು ನಿಜವಾಗಿದ್ದಲ್ಲಿ, ಎಂಟು ಸಲ ಔಟು ಮಾಡಿದರೆ ಅವರ ಒಂದು ತಿಂಗಳ ಸಂಬಳದಷ್ಟು ಹಣ ಕೈಸೇರುತ್ತಿತ್ತು! ಆದರೆ ಅಲ್ಲಿ ಯಾರೂ ಅವರ ಕೈಗೆ ದಾಂಡು ಕೊಡಲಿಲ್ಲ. ದಾಂಡು ಬೀಸುವುದು ದೊಡ್ಡವರ ವಿನೋದ, ಚೆಂಡೆಸೆಯುವುದು ಆಳಿನ ದುಡಿಮೆ ಎಂಬ ಭಾವನೆ ಆಗ ಬಲವಾಗಿತ್ತು.

ಪುಣೆಯ ಹಿಂದೂಗಳಿಗೂ ಒಂದು ಕ್ಲಬ್ಬಿತ್ತು. ಐರೋಪ್ಯರನ್ನು ಸೋಲಿಸಬೇಕೆಂಬುದು ಅದರ ಸದಸ್ಯರ ಬಹುದಿನದ ಬಯಕೆ. ಬಾಳೂ ಅವರನ್ನು ಸೇರಿಸಿಕೊಂಡರೆ ಗೆಲುವು ಸಾಧ್ಯವೆಂದು ಕೆಲವರು ವಾದಿಸಿದರು. ಜಾತಿ ಕೆಡುವುದೆಂದು ಕೆಲವರು ಹಿಂಜರಿದರು. ಕೊನೆಗೆ ಗೆಲುವಿನ ಆಸೆಯೇ ಮೇಲಾಯಿತು. ಬಾಳೂ ಮುಟ್ಟಿದ ಚೆಂಡನ್ನೇ ಮೈದಾನದಲ್ಲಿ ಎಲ್ಲರೂ ಮುಟ್ಟಿದರು. ಆದರೆ ಚಹದ ವೇಳೆಗೆ ಉಳಿದವರು ಒಳಗೆ ಪಿಂಗಾಣಿ ಬಟ್ಟಲುಗಳಲ್ಲಿ ಕುಡಿಯುತ್ತಿರಲು, ಬಾಳೂ ಹೊರಗೆ ನಿಂತು, ಕುಡಿದೊಡನೆ ಎಸೆಯಬೇಕಾದ ಮಣ್ಣಿನ ಕುಡಿಕೆಯಲ್ಲಿ ಕುಡಿಯಬೇಕಾಗಿತ್ತು. ಊಟದ ಎಲೆಯೂ ಬೇರೆಯೇ. ಚೆಂಡಿಗೆ ಮೈಲಿಗೆಯಿಲ್ಲ, ಬಟ್ಟಲಿಗೆ ಮೈಲಿಗೆ ಎಂಬ ಈ ವಿಚಿತ್ರ ನ್ಯಾಯ ಆ ಕಾಲದ ಎಷ್ಟೋ ಸಜ್ಜನರಿಗೂ ವಿಚಿತ್ರವಾಗಿ ತೋರಲಿಲ್ಲ.

ತೋರಿದವರೂ ಇದ್ದರು. ಸಾತಾರಾದ ಐರೋಪ್ಯರ ಜಿಮಖಾನಾ ತಂಡದ ಮೇಲೆ ಒಮ್ಮೆ ಪಂದ್ಯ ಏರ್ಪಟ್ಟಿತು. ಬಾಳೂ ಅವರ ಚೆಂಡು ತಿರುಗಬಾರದೆಂದು ಅಲ್ಲಿನವರು ಮೊದಲೇ ವಾರಗಟ್ಟಲೆ ಉರುಳೆ ಎಳೆಸಿ ಅಂಕಣವನ್ನು ಕಲ್ಲಿನಂತೆ ಗಟ್ಟಿಮಾಡಿಸಿದ್ದರು. ಅದೇ ಅಂಕಣದಲ್ಲಿ ಬಾಳೂ ಏಳು ವಿಕೆಟ್‌ಗಳನ್ನು ಪಡೆದು ತಂಡವನ್ನು ಗೆಲ್ಲಿಸಿದರು. ಆಡುವಾಗ ಜೊತೆಗಿರುವವನನ್ನು ಉಣ್ಣುವಾಗ ದೂರವಿರಿಸುವುದು ಸರಿಯಲ್ಲವೆಂದು ಸಮಾಜ ಸುಧಾರಕರಾದ ಮಹಾದೇವ ಗೋವಿಂದ ರಾನಡೆಯವರು ಬಹಿರಂಗವಾಗಿಯೇ ಹೇಳಿದರು. ಅವರ ಮಾತಿಗೆ ಬೆಲೆಯಿತ್ತು.

1896ರಲ್ಲಿ ಪ್ಲೇಗು ತಲೆದೋರಿದ ಬಳಿಕ ಬಾಳೂ ಪುಣೆಯಿಂದ ಮುಂಬಯಿಗೆ ಬಂದರು. ಅಲ್ಲಿನ ಹಿಂದೂ ಜಿಮಖಾನಾದಲ್ಲೂ ಮೊದಲು ಹಳೆಯ ಆಕ್ಷೇಪವೇ ಎದ್ದಿತು. ಕ್ರಿಕೆಟ್ ನಾಯಕರಾಗಿದ್ದ ಕೀರ್ತಿಕರರು ಪಟ್ಟು ಹಿಡಿದುದರಿಂದ ಅವರಿಗೆ ಪ್ರವೇಶ ದೊರೆಯಿತು. ಕ್ರಮೇಣ ಶಿವರಾಮನೂ ಅದೇ ತಂಡವನ್ನು ಸೇರಿದನು.

1906ರ ಫೆಬ್ರವರಿಯಲ್ಲಿ ಹಿಂದೂಗಳಿಗೂ ಐರೋಪ್ಯರಿಗೂ ನಡೆದ ಪಂದ್ಯ ಮುಂಬಯಿಯ ಜನ ಬಹುಕಾಲ ನೆನೆದಂಥದು. ಮೈದಾನದ ಸುತ್ತ ಡೇರೆಗಳು ಎದ್ದವು. ಡೇರೆಯೊಳಗೆ ಕುಳಿತುಕೊಳ್ಳಲು ಹಣವಿಲ್ಲದವರು ಬಿಸಿಲಿನಲ್ಲಿ ನಿಂತರು. ಬ್ರಾಹ್ಮಣ ಗುಮಾಸ್ತರಿಂದ ಗಿರಣಿ ಕೂಲಿಗಳವರೆಗೆ ಎಲ್ಲರ ಕಣ್ಣೂ ಚೆಂಡಿನ ಮೇಲೆಯೇ. ಹಿಂದೂ ತಂಡ ಮೊದಲು 242 ಓಟಗಳನ್ನು ಗಳಿಸಿತು. ಐರೋಪ್ಯರು 191ಕ್ಕೆ ನಿಂತರು. ಎರಡನೆಯ ಸರದಿಯಲ್ಲಿ ಹಿಂದೂಗಳು 160 ಓಟಗಳನ್ನು ಕೂಡಿಸಿದರು. ಆಮೇಲಿನದು ಬಾಳೂ ಅವರ ಪಾಲು. ಮೊದಲ ಸರದಿಯಲ್ಲಿ ಮೂವರನ್ನು ಕೆಡವಿದ್ದ ಅವರು ಎರಡನೆಯದರಲ್ಲಿ 37 ಓಟಗಳನ್ನಷ್ಟೇ ಕೊಟ್ಟು ಐವರನ್ನು ಹಿಂದಕ್ಕೆ ಕಳುಹಿಸಿದರು. ಐರೋಪ್ಯರು 102ಕ್ಕೆ ಕುಸಿದು, 109 ಓಟಗಳಿಂದ ಸೋತರು. ಬಂಗಾಲದ ವಿಭಜನೆಯಿಂದ ದೇಶದಲ್ಲಿ ಸ್ವದೇಶಿ ಚಳವಳಿ ಕಾವೇರಿದ್ದ ದಿನಗಳವು. ಆಳುವವರನ್ನು ಅವರದೇ ಆಟದಲ್ಲಿ ಸೋಲಿಸಿದ ಸುದ್ದಿಯನ್ನು ಪತ್ರಿಕೆಗಳು ದೂರದೂರಿನ ಓದುಗರಿಗೂ ಮುಟ್ಟಿಸಿದವು. ಇಂಡಿಯನ್ ಸೋಷಿಯಲ್ ರಿಫಾರ್ಮರ್ ಎಂಬ ಪತ್ರಿಕೆ ಇದನ್ನು ಜಾತಿಯ ಕಟ್ಟು ಸಡಿಲಗೊಂಡುದರ ಫಲವೆಂದೇ ಕಂಡಿತು.

ಐದು ವರ್ಷಗಳ ಅನಂತರ, 1911ರಲ್ಲಿ, ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗರ ನಾಯಕತ್ವದಲ್ಲಿ ಅಖಿಲ ಭಾರತ ತಂಡವೊಂದು ಇಂಗ್ಲೆಂಡಿಗೆ ಹೋಯಿತು. ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಆದರೆ ಮೂವತ್ತೈದು ದಾಟಿದ್ದ ಬಾಳೂ, ಭುಜದ ನೋವನ್ನು ಸಹಿಸಿಕೊಂಡು, ಆ ಪ್ರವಾಸದಲ್ಲಿ 114 ವಿಕೆಟ್‌ಗಳನ್ನು ಪಡೆದರು. ತಾಯ್ನಾಡಿನಲ್ಲಿ ಈ ಲೆಕ್ಕವನ್ನು ಪತ್ರಿಕೆಗಳಲ್ಲಿ ಓದಿ ಹಿಗ್ಗಿದವರು ಬಹಳ. ಆಗ ಮುಂಬಯಿಯ ಕಾಲೇಜಿನಲ್ಲಿ ಓದುತ್ತಿದ್ದ ತರುಣ ಭೀಮರಾವ್ ಅಂಬೇಡ್ಕರರಿಗೂ ಬಾಳೂ ಆದರ್ಶ ಪುರುಷರಾಗಿದ್ದರು. ಶಾಲೆಯಲ್ಲಿ ನೀರಿಗಾಗಿ ದೂರ ನಿಂತು ಬೆಳೆದ ಹುಡುಗನಿಗೆ, ತನ್ನಂತೆಯೇ ದೂರವಿರಿಸಲ್ಪಟ್ಟವನೊಬ್ಬನ ಹೆಸರು ಸಾವಿರಾರು ಜನರ ಬಾಯಲ್ಲಿ ಕೇಳಿಬರುವುದು ಎಂತಹ ಬಲ ಕೊಟ್ಟಿರಬೇಕೆಂಬುದನ್ನು ಊಹಿಸಬಹುದು.

ಆದರೂ ನಾಯಕತ್ವದ ಪ್ರಶ್ನೆ ಹಾಗೆಯೇ ಉಳಿಯಿತು. ಹಿಂದೂ, ಪಾರ್ಸಿ, ಮುಸ್ಲಿಮ್, ಐರೋಪ್ಯ ತಂಡಗಳ ನಡುವೆ ನಡೆಯುತ್ತಿದ್ದ ಚತುಷ್ಕೋನ ಪಂದ್ಯಾವಳಿ ವರ್ಷವರ್ಷವೂ ಬಂದು ಹೋಯಿತು. ತಂಡದಲ್ಲಿ ಬಾಳೂ ಅವರಷ್ಟು ಅನುಭವಿಗಳಿರಲಿಲ್ಲ. ನಾಯಕನಾಗಿ ಆಯ್ಕೆಯಾಗುತ್ತಿದ್ದವನು ಮಾತ್ರ ಮೇಲುಜಾತಿಯವನೇ. 1920ರಲ್ಲಿ ಆಯ್ಕೆದಾರರು ಬಾಳೂ ಅವರನ್ನು ತಂಡದಿಂದಲೇ ಬಿಟ್ಟರು. ನಾಯಕರಾದ ಪೈಯವರು ಅಸ್ವಸ್ಥರಾದಾಗ, ಹಿರಿಯ ಆಟಗಾರನಾದ ವಿಠ್ಠಲನನ್ನು ಕಡೆಗಣಿಸಿ ಆ ಸ್ಥಾನವನ್ನು ದೇವಧರರಿಗೆ ಒಪ್ಪಿಸಿದರು. ವಿಠ್ಠಲ ಮತ್ತು ಶಿವರಾಮ ಸುಮ್ಮನಿರಲಿಲ್ಲ. ಜಾತಿಯ ಕಾರಣದಿಂದ ಆದ ಈ ಅವಮಾನವನ್ನು ಸಹಿಸಲಾರೆವೆಂದು ಪ್ರಕಟವಾಗಿ ತಿಳಿಸಿ, ಅವರು ತಂಡದಿಂದ ಹೊರಗುಳಿದರು.

ಮುಂಬಯಿಯಲ್ಲಿ ಇದು ದೊಡ್ಡ ಚರ್ಚೆಗೆ ಕಾರಣವಾಯಿತು. ಗಾಂಧೀಜಿಯವರು ಅಸ್ಪೃಶ್ಯತೆಯ ವಿರುದ್ಧ ದನಿಯೆತ್ತಿದ್ದ ಸಮಯವದು. ಆಟದ ಅಭಿಮಾನಿಗೆ ಬೇಕಾದದ್ದು ಒಳ್ಳೆಯ ಆಟ. ಆ ಆಟಕ್ಕೇ ಜಾತಿ ಅಡ್ಡಬಂದಾಗ ಅವನೂ ಪಕ್ಷ ವಹಿಸಬೇಕಾಯಿತು. ಪಾರ್ಸಿಗಳ ಮೇಲಿನ ಅಂತಿಮ ಪಂದ್ಯದ ಹೊತ್ತಿಗೆ ಆಯ್ಕೆದಾರರು ಮಣಿದರು. ಸೋದರರು ತಂಡಕ್ಕೆ ಮರಳಿದರು, ಬಾಳೂ ಉಪನಾಯಕರಾದರು. ಪಂದ್ಯದ ನಡುವೆ ಪೈಯವರು ಮೈದಾನವನ್ನು ಬಿಟ್ಟು ಹೋದಾಗ ಕೆಲವು ಹೊತ್ತು ತಂಡವನ್ನು ನಡೆಸಿದವರು ಬಾಳೂ. ಅವರಿಗೆ ದೊರೆತ ನಾಯಕತ್ವ ಅಷ್ಟೇ. 1923ರಲ್ಲಿ ವಿಠ್ಠಲನು ಪೂರ್ಣ ನಾಯಕನಾಗಿ ತಂಡವನ್ನು ಕಣಕ್ಕಿಳಿಸಿ ಐರೋಪ್ಯರನ್ನು ಸೋಲಿಸಿದನು. ಅಣ್ಣನ ಕಾಲ ಆಗಲೇ ಮುಗಿದಿತ್ತು.

ಬಾಳೂ ಟೆಸ್ಟ್ ಆಡಲಿಲ್ಲ. ಭಾರತ ಮೊದಲ ಟೆಸ್ಟ್ ಆಡಿದಾಗ ಅವರಿಗೆ ಐವತ್ತೈದು ಮೀರಿತ್ತು. ಆದರೆ 1933ರ ಡಿಸೆಂಬರಿನಲ್ಲಿ ಸ್ವದೇಶದ ಮೊದಲ ಟೆಸ್ಟ್ ನಡೆದುದು ಮುಂಬಯಿಯ ಜಿಮಖಾನಾ ಮೈದಾನದಲ್ಲಿ. ಚತುಷ್ಕೋನ ಪಂದ್ಯಗಳನ್ನು ನೋಡಲು ಜನ ಕಿಕ್ಕಿರಿಯುತ್ತಿದ್ದುದೂ ಅಲ್ಲಿಯೇ. ಲಾಲಾ ಅಮರನಾಥರ ಶತಕಕ್ಕೆ ಚಪ್ಪಾಳೆ ತಟ್ಟಿದ ಪ್ರೇಕ್ಷಕರ ಹಿರಿಯರು ಅದೇ ಮೈದಾನದಲ್ಲಿ ಬಾಳೂ ಅವರಿಗೂ ಚಪ್ಪಾಳೆ ತಟ್ಟಿದ್ದರು.

ಮುಪ್ಪಿನಲ್ಲಿ ಬಾಳೂ ರಾಜಕೀಯಕ್ಕೆ ಬಂದರು. 1932ರ ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. ಪ್ರತ್ಯೇಕ ಮತಕ್ಷೇತ್ರಗಳ ವಿಷಯದಲ್ಲಿ ಅವರಿಗೂ ಅಂಬೇಡ್ಕರರಿಗೂ ಅಭಿಪ್ರಾಯಭೇದವಿತ್ತು. 1937ರ ಚುನಾವಣೆಯಲ್ಲಿ ಅವರಿಬ್ಬರೂ ಎದುರುಬದುರು ನಿಲ್ಲಬೇಕಾಗಿ ಬಂದದ್ದು ವಿಧಿಯ ಆಟವೆನ್ನಬೇಕು. ಕಾಂಗ್ರೆಸ್ಸಿನ ಅಭ್ಯರ್ಥಿಯಾದ ಬಾಳೂ ಅವರಿಗೆ 11,225 ಮತಗಳೂ ಅಂಬೇಡ್ಕರರಿಗೆ 13,245 ಮತಗಳೂ ಬಂದವು. ಒಂದು ಕಾಲದ ಅಭಿಮಾನಿ ಗೆದ್ದನು. ಸ್ವತಂತ್ರ ಭಾರತದ ಸಂವಿಧಾನವು ಅಸ್ಪೃಶ್ಯತೆಯನ್ನು ರದ್ದುಗೊಳಿಸಿದುದನ್ನು ನೋಡುವಷ್ಟು ಕಾಲ ಬಾಳೂ ಬದುಕಿದ್ದರು. ಅವರು 1955ರ ಜುಲೈ 4ರಂದು ಮುಂಬಯಿಯಲ್ಲಿ ತೀರಿಕೊಂಡರು.